ಗಿರಿಯ ಬೆಂಕಿಯ ಎದುರು ನಿಂತು ನಾನು ಕಲಿತದ್ದು

ಜನವರಿಯ ಕೊನೆಗೆ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಹುಲ್ಲು ಹಸಿರು ಕಳೆದುಕೊಂಡು ಒಣಗತೊಡಗುತ್ತದೆ. ಅಲ್ಲಿಂದ ಮೇ ತಿಂಗಳಲ್ಲಿ ಗಟ್ಟಿ ಮಳೆ ಬೀಳುವವರೆಗೆ ಚಿಕ್ಕಮಗಳೂರಿನ ನಮಗೆ ಅದು ಬೆಂಕಿಯ ಕಾಲ. ನಾನು ಅರಣ್ಯ ರಕ್ಷಕನಾಗಿ ಸೇವೆಗೆ ಸೇರಿ, ಭದ್ರಾ ಅಭಯಾರಣ್ಯದ ಮುತ್ತೋಡಿ ಭಾಗದಲ್ಲಿ, ಗಿರಿಶ್ರೇಣಿಯ ಹುಲ್ಲುಗಾವಲುಗಳಲ್ಲಿ, ಚಾರ್ಮಾಡಿಯ ಅಂಚಿನ ಕಾಡುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೆಂಕಿ ಆರಿಸುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಜೀವ ಉಳಿಸಿಕೊಳ್ಳುವುದು ಹೇಗೆ, ಮತ್ತು ಮನೆಯಲ್ಲಿ ನಾವು ಕೈಮುಗಿಯುವ ಅಗ್ನಿಯನ್ನು ಬೆಟ್ಟದಲ್ಲಿ ಬಡಿದು ಆರಿಸುವುದು ಸರಿಯೇ. ಎರಡನೆಯದನ್ನು ಅವರು ಮೆಲ್ಲಗೆ, ಸಂಕೋಚದಿಂದ ಕೇಳುತ್ತಾರೆ. ನನ್ನ ಅನುಭವದಲ್ಲಿ ಈ ಎರಡಕ್ಕೂ ಉತ್ತರ ಒಂದೇ ಕಡೆ ಸಿಕ್ಕಿತು. ಆದ್ದರಿಂದ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ನೆಲದ ಮಾತು. ನಮ್ಮ ಗಿರಿಗಳಲ್ಲಿ ಬೆಟ್ಟದ ಬೆನ್ನಿನ ಮೇಲೆ ಹುಲ್ಲು, ಎರಡು ಬೆನ್ನುಗಳ ನಡುವಿನ ಮಡಿಲಲ್ಲಿ ಶೋಲಾ ಕಾಡು ಇರುತ್ತದೆ. ಬೇರು ಮಣ್ಣಿನೊಳಗೆ ಬದುಕಿರುವುದರಿಂದ ಹುಲ್ಲು ಸುಟ್ಟರೂ ಮಳೆ ಬಿದ್ದೊಡನೆ ಚಿಗುರುತ್ತದೆ. ಶೋಲಾದ ಮರಗಳಿಗೆ ಆ ಶಕ್ತಿ ಇಲ್ಲ. ಅವು ತೇವದಲ್ಲಿ, ನೆರಳಿನಲ್ಲಿ ಬೆಳೆದವು, ತೊಗಟೆ ತೆಳು. ಬೆಂಕಿ ವರ್ಷ ವರ್ಷವೂ ಅಂಚನ್ನು ನೆಕ್ಕಿದರೆ ಕಾಡು ಒಳಕ್ಕೆ ಸರಿಯುತ್ತಾ ಹೋಗುತ್ತದೆ. ಆ ಕಾಡಿನ ಬುಡದಲ್ಲಿಯೇ ನಮ್ಮ ಹಳ್ಳಗಳು ಹುಟ್ಟುತ್ತವೆ. ಗಿರಿಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹಳ್ಳಗಳು ಅಯ್ಯನಕೆರೆ, ಮದಗದಕೆರೆಗಳನ್ನು ತುಂಬಿಸಿ, ಮುಂದೆ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಹಾಸನದ ಗದ್ದೆಗಳಿಗೆ ಹರಿಯುವ ನೀರು ಅದು. ಹೀಗಾಗಿ ಗಿರಿಯಲ್ಲಿ ಬೆಂಕಿಗೆ ಅಡ್ಡ ನಿಲ್ಲುವವನು ಬಯಲಿನ ಕೆರೆಗೂ ಕಾವಲು ನಿಂತಿರುತ್ತಾನೆ ಎಂದು ನಾನು ಹುಡುಗರಿಗೆ ಹೇಳುತ್ತಿದ್ದೆ.

ಇಲ್ಲಿಯ ಬೆಂಕಿ ಹೆಚ್ಚು ಕಡಿಮೆ ಎಲ್ಲವೂ ಮನುಷ್ಯರು ಹಚ್ಚಿದ್ದೇ. ದನಗಳಿಗೆ ಹೊಸ ಹುಲ್ಲು ಬರಲಿ ಎಂದು ಹಚ್ಚುವವರು, ಜೇನು ಬಿಡಿಸಲು ಹೊತ್ತಿಸಿದ ಪಂಜನ್ನು ಅಲ್ಲೇ ಬಿಟ್ಟು ಬರುವವರು, ಶಿಕಾರಿಯವರು, ಬೀಡಿ ಸಿಗರೇಟಿನ ತುಂಡು ಎಸೆಯುವ ಪ್ರವಾಸಿಗರು, ಯಾರ ಮೇಲಿನದೋ ದ್ವೇಷವನ್ನು ಕಾಡಿನ ಮೇಲೆ ತೀರಿಸುವವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನಷ್ಟೇ ಅಲ್ಲದೆ ಉರಿಯುವ ಬೆಂಕಿಯನ್ನು ಬಿಟ್ಟು ಬರುವುದನ್ನೂ ಅಪರಾಧವೆಂದು ಹೇಳುತ್ತದೆ. ಆದರೆ ಬೆಂಕಿಯ ಎದುರು ನಿಂತ ಹೊತ್ತಿನಲ್ಲಿ ಹಚ್ಚಿದವನ ವಿಚಾರ ಬೇಡ. ಅದು ಆಮೇಲಿನ ಕೆಲಸ.

ಅಪಾಯಗಳಲ್ಲಿ ಮೊದಲನೆಯದು ಇಳಿಜಾರು. ಬೆಂಕಿ ಬೆಟ್ಟ ಹತ್ತುವಾಗ ಅದರ ಜ್ವಾಲೆ ಮೇಲಿನ ಹುಲ್ಲಿನ ಕಡೆಗೆ ಬಾಗಿ, ತಾನು ಮುಟ್ಟುವ ಮೊದಲೇ ಅದನ್ನು ಕಾಯಿಸಿ ಒಣಗಿಸಿರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕೆಲಸದವರ ಲೆಕ್ಕ. ಮನುಷ್ಯನ ವೇಗ ಮಾತ್ರ ಅದೇ ಏರಿನಲ್ಲಿ ಕುಗ್ಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಸಿಕ್ಕಿಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದು ಹುಲ್ಲು ಬೆಳೆದ ಇಂಥದೇ ಇಳಿಜಾರಿನಲ್ಲಿ. ಆದ್ದರಿಂದ ಬೆಂಕಿಯ ಮೇಲ್ಗಡೆ ನಿಂತು ಅದನ್ನು ಎದುರುಗೊಳ್ಳಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬೆಟ್ಟದ ಕೊರಕಲು; ಎರಡು ಬದಿಯ ಏರುಗಳ ನಡುವೆ ಗಾಳಿ ಮೇಲಕ್ಕೆ ನುಗ್ಗುವುದರಿಂದ ಅಲ್ಲಿ ಬೆಂಕಿಗೂ ಹೊಗೆಗೂ ಅದೊಂದೇ ದಾರಿ. ಕೆಳಗೆ ಸಣ್ಣ ಹೊಗೆ ಕಂಡರೂ ಕೊರಕಲಿನೊಳಗೆ ಇಳಿಯಬಾರದು.

ಎರಡನೆಯದು ಗಾಳಿ. ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಬೆಟ್ಟದ ಕಡೆಗೆ ಏರುತ್ತದೆ, ರಾತ್ರಿ ಬೆಟ್ಟದಿಂದ ಕೆಳಕ್ಕೆ ಇಳಿಯುತ್ತದೆ. ಇವೆರಡರ ನಡುವೆ ಸಂಜೆ ಒಂದು ಗಳಿಗೆ ಗಾಳಿ ನಿಂತಂತೆ ತೋರುತ್ತದೆ. ಕೆಲಸದವರೆಲ್ಲ ನಿಟ್ಟುಸಿರು ಬಿಟ್ಟು ಕುಳಿತುಕೊಳ್ಳುವುದು ಆಗಲೇ, ನಾನು ಅತ್ಯಂತ ಎಚ್ಚರದಿಂದ ಇರುತ್ತಿದ್ದುದೂ ಆಗಲೇ. ಗಾಳಿ ಮತ್ತೆ ಎದ್ದಾಗ ಅದು ಬರುವ ದಿಕ್ಕು ಬೇರೆಯಾಗಿರುತ್ತದೆ, ಅಷ್ಟು ಹೊತ್ತು ಪಕ್ಕೆ, ಎಂದರೆ ಬದಿಯ ಅಂಚು ಆಗಿದ್ದ ಬೆಂಕಿ, ತಲೆಯಾಗಿ, ಎಂದರೆ ಮುನ್ನುಗ್ಗುವ ಮುಂಭಾಗವಾಗಿ ನಮ್ಮ ಕಡೆಗೆ ತಿರುಗುತ್ತದೆ.

ಮುತ್ತೋಡಿಯ ಎಲೆ ಉದುರುವ ಕಾಡಿನಲ್ಲಿ ಅಪಾಯದ ಬಗೆ ಬೇರೆ. ಅಲ್ಲಿ ತೇಗದ ಒಣ ಎಲೆ ನೆಲವನ್ನೆಲ್ಲ ಮುಚ್ಚಿರುತ್ತದೆ; ಲಂಟಾನದ ಪೊದೆ ನೆಲದ ಬೆಂಕಿಯನ್ನು ಮರದ ತಲೆಗೆ ಏರಿಸುತ್ತದೆ; ಹೂಬಿಟ್ಟು ಸತ್ತ ಬಿದಿರು ಗಂಟುಗಂಟಿಗೆ ಸಿಡಿಯುತ್ತಾ ಕೆಂಡವನ್ನು ಬೆಂಕಿ ರೇಖೆಯ, ಎಂದರೆ ಬೆಂಕಿ ದಾಟದಿರಲೆಂದು ಮೊದಲೇ ಹುಲ್ಲು ಸವರಿ ಸುಟ್ಟಿಟ್ಟ ಪಟ್ಟಿಯ, ಆಚೆಗೆ ಹಾರಿಸುತ್ತದೆ. ಪೊಟರೆಯೊಳಗೆ ಬೆಂಕಿ ಹೊಕ್ಕ ಒಣಮರ ಎರಡು ದಿನ ಒಳಗೊಳಗೇ ಉರಿದು, ಎಲ್ಲವೂ ಆರಿತೆಂದು ಕೆಳಗೆ ನಡೆಯುವಾಗ ಮೇಲೆ ಬೀಳುತ್ತದೆ. ಆನೆಯ ಭಯವನ್ನೂ ಮರೆಯುವಂತಿಲ್ಲ. ಹೊಗೆಗೆ ಬೆದರಿ ಕಾಡು ಬಿಟ್ಟು ಬರುವ ಆನೆಗೂ ನಾವು ಓಡಲು ಗುರುತಿಟ್ಟುಕೊಂಡ ದಾರಿಯೇ ದಾರಿ. ಗಿರಿಯ ಮೇಲೆ ಇನ್ನೊಂದು ಸಂಗತಿಯಿದೆ: 2022ರಲ್ಲಿ ಚಂದ್ರದ್ರೋಣ ಶ್ರೇಣಿಯ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿದಾಗ ನಾಡಿಗೆ ನಾಡೇ ನೋಡಲು ಬಂತು, ಆ ಗಿಡ ಒಮ್ಮೆ ಹೂಬಿಟ್ಟು ಸಾಯುವ ಜಾತಿಯದು, ಸತ್ತ ಕಡ್ಡಿಯೆಲ್ಲ ಮುಂದಿನ ಬೇಸಿಗೆಗೆ ಸೌದೆಯಾಗಿ ನಿಲ್ಲುತ್ತದೆ ಎಂಬುದು ಕಾವಲಿನವರಿಗೆ ಮಾತ್ರ ಕಾಣುವ ಲೆಕ್ಕ.

2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಅರಣ್ಯ ರಕ್ಷಕರು, 2023ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ಸಕಲೇಶಪುರದ ಕಾಡಿನಲ್ಲಿ ಇನ್ನೊಬ್ಬರು, ಬೆಂಕಿ ಆರಿಸಲು ಹೋಗಿ ತೀರಿಕೊಂಡರು. ಅವರು ಮಾಡುತ್ತಿದ್ದುದು ನಾವೆಲ್ಲರೂ ಮಾಡಿದ ಕೆಲಸವನ್ನೇ. ಅವರನ್ನು ನೆನೆಯದೆ ನಾನು ಈ ವಿಷಯ ಮಾತನಾಡುವುದಿಲ್ಲ.

ಇನ್ನು ನಾನು ಅನುಸರಿಸಿದ ಕ್ರಮ. ಬೆಂಕಿಯ ಸುಳಿವು ಈಗ ಉಪಗ್ರಹದಿಂದ ಮೊಬೈಲಿಗೆ ಬರುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ಕಳಿಸುವ ಸೂಚನೆಯಲ್ಲಿ ಹಳೆಯ ಉಪಕರಣದ ಕಣ್ಣಿಗೆ ಒಂದು ಕಿಲೋಮೀಟರಿನ ಚೌಕ ಕಂಡರೆ, ಹೊಸದರ ಕಣ್ಣಿಗೆ 375 ಮೀಟರಿನ ಚೌಕ ಕಾಣುತ್ತದೆ. ಉಪಗ್ರಹ ನೆತ್ತಿಯ ಮೇಲೆ ಬಂದಾಗ ಮಾತ್ರ ನೋಡುವುದರಿಂದ ಗುಡ್ಡದ ಮೇಲೆ ಕುಳಿತ ವಾಚರ್‌ನ ಕಣ್ಣಿಗೆ ಬದಲಿ ಇಲ್ಲ. ಸ್ಥಳಕ್ಕೆ ಹೋದ ತಂಡದಲ್ಲಿ ಒಬ್ಬನ ಕೈಗೆ ಬೆಂಕಿ ಬಡಿಯುವ ಸೊಪ್ಪನ್ನೂ ಗಾಳಿ ಊದುವ ಬ್ಲೋವರ್ ಯಂತ್ರವನ್ನೂ ಕೊಡದೆ, ಎತ್ತರದ ಜಾಗದಲ್ಲಿ ನಿಲ್ಲಿಸಿ, ಗಾಳಿ ಮತ್ತು ಬೆಂಕಿಯ ತಲೆ ಎತ್ತ ಹೋಗುತ್ತಿದೆ ಎಂದು ನೋಡುವುದಷ್ಟೇ ಅವನ ಕೆಲಸವೆಂದು ಹೇಳುತ್ತಿದ್ದೆ. ಎಷ್ಟೇ ಜನ ಕಡಿಮೆಯಿದ್ದರೂ ಈ ಒಬ್ಬನನ್ನು ಕೆಳಗೆ ಕರೆದದ್ದಿಲ್ಲ. ಉಳಿದವರು ಬೆಂಕಿಯ ಬಾಲದ, ಎಂದರೆ ಹಿಂಭಾಗದ ಕಡೆಯಿಂದ, ಈಗಾಗಲೇ ಸುಟ್ಟ ನೆಲಕ್ಕೆ ಬೆನ್ನು ಕೊಟ್ಟು ಆರಂಭಿಸಿ, ಎರಡು ಪಕ್ಕೆಗಳನ್ನು ಹಿಡಿದು, ತಲೆಯನ್ನು ಕಿರಿದು ಮಾಡುತ್ತಾ ಹೋಗಬೇಕು. ಹಸಿ ಸೊಪ್ಪಿನ ಕೊಂಬೆಯನ್ನು ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ; ಒತ್ತಿ, ಸುಟ್ಟ ಕಡೆಗೆ ಎಳೆದುಕೊಳ್ಳಬೇಕು. ಮೈಮೇಲೆ ಹತ್ತಿಯ ಬಟ್ಟೆಯೇ ಇರಬೇಕು, ಏಕೆಂದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಮುಖಕ್ಕೆ ಕಟ್ಟಿದ ಬಟ್ಟೆ ಬೂದಿಯನ್ನು ತಡೆದೀತು, ಹೊಗೆಯಲ್ಲಿರುವ ವಿಷದ ಗಾಳಿಯನ್ನು ತಡೆಯುವುದಿಲ್ಲ. ತಲೆ ಭಾರವಾದವನು ಎಷ್ಟೇ ಹಟ ಮಾಡಿದರೂ ಅವನನ್ನು ಹಿಂದಕ್ಕೆ ಕಳಿಸಬೇಕು. ಸಾಧ್ಯವಾದಷ್ಟೂ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಇಬ್ಬನಿಯ ಹೊತ್ತಿನಲ್ಲಿ, ಕೆಲಸ ಮುಗಿಸಲು ನೋಡುತ್ತಿದ್ದೆ.

ಓಡುವ ಸಂದರ್ಭ ಬಂದರೆ ಓಡಬೇಕಾದ ದಿಕ್ಕು ಸುಟ್ಟ ನೆಲ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ 13 ಮಂದಿ ಬೆಂಕಿ ಆರಿಸುವವರು ಸತ್ತರು. ಅವರ ಮುಖಂಡ ವ್ಯಾಗ್ನರ್ ಡಾಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿ, ಅದು ಸುಟ್ಟು ಬಿಟ್ಟ ಬೂದಿಯಲ್ಲಿ ಬೋರಲು ಮಲಗಿ ಬದುಕಿದ. ಅವನು ಕರೆದರೂ ಉಳಿದವರು ಬರಲಿಲ್ಲ. ಏರು ಹತ್ತಿ ಓಡಿದವರಲ್ಲಿ ಬಂಡೆಯ ಸಂದು ದಾಟಿದ ಇಬ್ಬರನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ. ಬೆಂಕಿಗೆ ಬೆನ್ನು ಹಾಕಿ ಓಡು ಎಂದು ಮೈ ಹೇಳುವಾಗ ಬೆಂಕಿ ತಿಂದುಬಿಟ್ಟ ಜಾಗದ ಕಡೆಗೆ ನಡೆ ಎಂದು ಬುದ್ಧಿ ಹೇಳಬೇಕು. ಆ ಬುದ್ಧಿ ಆಗ ಹುಟ್ಟುವುದಿಲ್ಲ, ಮೊದಲೇ ಅಭ್ಯಾಸವಾಗಿರಬೇಕು.

ನನ್ನ ಜೊತೆ ಬಹಳ ವರ್ಷ ವಾಚರ್ ಆಗಿದ್ದ ಮಲೆಕುಡಿಯ ಬುಡಕಟ್ಟಿನ ಹಿರಿಯರೊಬ್ಬರು, ನಾನು ಅವಸರದಲ್ಲಿ ಹುಡುಗರನ್ನು ಕೂಗುತ್ತಿದ್ದಾಗ, "ಗಾರ್ಡ್ರೇ, ಅದು ಹಸ್ಕೊಂಡು ಬಂದದ್ದು. ಬೈದ್ರೆ ಹೋಗಲ್ಲ. ಮುಂದೆ ತಿನ್ನೋಕೆ ಇಲ್ದಂಗೆ ಮಾಡಿ, ಅದೇ ಮಲಗ್ತದೆ" ಎಂದಿದ್ದರು. ನಾನು ಆವರೆಗೆ ಬೆಂಕಿಯನ್ನು ವೈರಿಯೆಂದು ಎಣಿಸಿದ್ದೆ. ಆ ಮಾತಿನ ನಂತರ ನನ್ನ ಕೆಲಸದ ರೀತಿಯೂ ದೇವರ ಕೋಣೆಯಲ್ಲಿ ನಾನು ನಿಲ್ಲುವ ರೀತಿಯೂ ಬದಲಾದವು. ಹಸಿವು ಅಗ್ನಿಯ ಸ್ವಭಾವ, ಅದರಲ್ಲಿ ಕೆಡುಕಿಲ್ಲ. ಅದರ ಹಸಿವಿಗೆ ಎಲ್ಲೆ ಹಾಕುವುದು ನಮ್ಮ ಧರ್ಮ. ಒಲೆಗೆ ಮೂರು ಕಲ್ಲು, ದೀಪಕ್ಕೆ ಹಣತೆ, ಹೋಮಕ್ಕೆ ಕುಂಡ ಇರುವುದು ಆ ಎಲ್ಲೆಗಾಗಿಯೇ. ನರಕ ಚತುರ್ದಶಿಯ ದಿನ ಬಿಂಡಿಗದ ದೇವಿರಮ್ಮನ ಬೆಟ್ಟವನ್ನು ಸಾವಿರಾರು ಜನ ಹತ್ತಿ ದೀಪ ಬೆಳಗಿದಾಗ ಅದು ದರ್ಶನ. ಮಾರ್ಚ್ ತಿಂಗಳಲ್ಲಿ ಅದೇ ಗಿರಿಸಾಲಿನ ಹುಲ್ಲು ಹೊತ್ತಿಕೊಂಡಾಗ ಅದು ಅನಾಹುತ. ಎರಡರಲ್ಲಿಯೂ ಇರುವವನು ಒಬ್ಬನೇ ಅಗ್ನಿ ಎಂದು ನಂಬಿದವನಿಗೆ ಬೆಂಕಿಯ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟಿನಲ್ಲಿದ್ದವನನ್ನು ನಾನು ಮುಂದಿನ ಸಾಲಿಗೆ ಕಳಿಸುತ್ತಿರಲಿಲ್ಲ; ಅವನು ಹಿಂದೆ ಸರಿಯುವುದನ್ನು ಸೋಲೆಂದು ತಿಳಿಯುತ್ತಾನೆ, ಸರಿಯಬೇಕಾದ ಗಳಿಗೆಯಲ್ಲಿ ನಿಂತುಬಿಡುತ್ತಾನೆ.

ಈ ಭಾವ ಅತ್ಯಂತ ಆಳವಾಗಿ ಅನುಭವಕ್ಕೆ ಬಂದದ್ದು ಎದುರು ಬೆಂಕಿ ಕೊಡುವಾಗ. ದೊಡ್ಡ ಬೆಂಕಿಯನ್ನು ಬಡಿದು ಆರಿಸಲಾಗದಿದ್ದರೆ ಬೆಂಕಿ ರೇಖೆಯ ಅಥವಾ ರಸ್ತೆಯ ಅಂಚಿನಿಂದ ನಾವೇ ಬೆಂಕಿ ಹಚ್ಚಿ ಅದರ ಕಡೆಗೆ ಕಳಿಸುತ್ತೇವೆ. ದೊಡ್ಡ ಬೆಂಕಿ ಸುತ್ತಲಿನ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಹತ್ತಿರ ಬಂದಾಗ ನಮ್ಮ ಬೆಂಕಿಯೂ ಅತ್ತ ಓಡಿ, ಎರಡೂ ಸೇರಿ, ತಿನ್ನಲು ಏನೂ ಇಲ್ಲದೆ ಅಡಗುತ್ತವೆ. ಬೇಗ ಹಚ್ಚಿದರೆ ಅದು ನಮ್ಮ ಮೇಲೆಯೇ ತಿರುಗೀತು, ತಡವಾದರೆ ಕೆಲಸಕ್ಕೆ ಬಾರದು. ಹಚ್ಚು ಎಂದು ಹೇಳುವ ಅಧಿಕಾರ ಒಬ್ಬನಿಗೇ ಇರಬೇಕು, ಆ ಮಾತು ಹೇಳುವ ಮುನ್ನ ತಂಡದ ಪ್ರತಿಯೊಬ್ಬನೂ ಎಲ್ಲಿದ್ದಾನೆಂದು ಎಣಿಸಿರಬೇಕು. ಕೈಯಲ್ಲಿ ಪಂಜು ಹಿಡಿದು ಕಾಯುವ ಆ ಹೊತ್ತಿನಲ್ಲಿ ನಾನು ಪ್ರಾರ್ಥಿಸಿದ್ದೇನೆ. ಕೇಳಿಕೊಂಡದ್ದು ಗೆಲುವನ್ನಲ್ಲ, ನೋಟ ಮಂಕಾಗದಿರಲಿ ಎಂಬುದನ್ನು.

ತಾಳಮದ್ದಳೆಯಲ್ಲಿ ಖಾಂಡವ ವನ ದಹನದ ಪ್ರಸಂಗ ಕೇಳಿದವರಿಗೆ ಜರಿತೆ ಎಂಬ ಶಾರ್ಙ್ಗಕ ಹಕ್ಕಿಯ ಕಥೆ ಗೊತ್ತಿರುತ್ತದೆ. ಇಡೀ ಕಾಡು ಉರಿಯುವಾಗ ರೆಕ್ಕೆ ಬಲಿಯದ ನಾಲ್ಕು ಮರಿಗಳು, ನೀನಾದರೂ ಹಾರಿ ಹೋಗು ಎಂದು ತಾಯಿಯನ್ನು ಕಳಿಸಿ, ಅಗ್ನಿಯನ್ನೇ ಸ್ತುತಿಸುತ್ತವೆ. ಅಗ್ನಿ ಅವನ್ನು ಮುಟ್ಟದೆ ಮುಂದೆ ಹೋಗುತ್ತಾನೆ. ಸುಟ್ಟ ಇಳಿಜಾರಿನಲ್ಲಿ ಕಾಡುಕೋಳಿಯ ಬೆಂದ ಮೊಟ್ಟೆಗಳನ್ನೂ ಚಿಪ್ಪಿನೊಳಗೇ ಸತ್ತ ಆಮೆಯನ್ನೂ ಕಂಡ ಮೇಲೆ ಈ ಕಥೆ ನನಗೆ ಸುಲಭದ ಸಮಾಧಾನವಾಗಿ ಉಳಿಯಲಿಲ್ಲ. ಆದರೂ ಅದರಿಂದ ಒಂದನ್ನು ಹಿಡಿದುಕೊಂಡೆ: ಸರ್ವವನ್ನೂ ಸುಡಲು ಹೊರಟ ಅಗ್ನಿಯೂ ಬಿಟ್ಟುಹೋಗುವ ಜಾಗವೊಂದಿದೆ, ಆ ಜಾಗವನ್ನು ಇನ್ನಷ್ಟು ಅಗಲ ಮಾಡಲು ನಾವು ಬೆಟ್ಟ ಹತ್ತುತ್ತೇವೆ. ನನ್ನ ಮಟ್ಟಿಗೆ ಶೋಲಾದ ಪ್ರತಿಯೊಂದು ತುಂಡೂ ಅಂಥ ಜಾಗ.

ಈ ಕೆಲಸದ ಭಾರ ಹೊರುವವರು ಹೆಚ್ಚಾಗಿ ಬೇಸಿಗೆಯ ತಿಂಗಳುಗಳಿಗೆಂದು ತಾತ್ಕಾಲಿಕವಾಗಿ ಸೇರಿದ ವಾಚರ್‌ಗಳು, ಕಾಡಿನಂಚಿನ ಬಡವರು. ಬೆಂಕಿ ರೇಖೆಯ ಹುಲ್ಲು ಸವರಿ ಸುಡುವ ಮೊದಲ ದಿನ ಅವರು ಚೌಡಿಯ ಕಲ್ಲಿಗೆ ಕಾಯಿ ಒಡೆದೇ ಕೆಲಸಕ್ಕೆ ಇಳಿಯುತ್ತಿದ್ದರು, ನಾನೂ ಜೊತೆಗೆ ನಿಲ್ಲುತ್ತಿದ್ದೆ. ಅವರ ಕೂಲಿ ತಡವಾಗಿ ಕೈಸೇರಿದ ವರ್ಷಗಳನ್ನೂ ನೋಡಿದ್ದೇನೆ. ಫೆಬ್ರವರಿ ಹುಟ್ಟುವ ಮೊದಲೇ ಪ್ರತಿಯೊಬ್ಬ ವಾಚರ್‌ಗೂ ಜೀವವಿಮೆ ಮಾಡಿಸಿರಬೇಕು, ಹತ್ತಿಯ ಬಟ್ಟೆ ಮತ್ತು ಗಟ್ಟಿ ಬೂಟು ಕೊಟ್ಟಿರಬೇಕು, ಸುಟ್ಟ ರೇಖೆಯ ಮೇಲೆ ನಿಲ್ಲಿಸಿ ಯಾವ ಕೂಗಿಗೆ ಯಾವ ಕಡೆಗೆ ಓಡಬೇಕೆಂದು ಕಾಲಿನಲ್ಲಿ ಓಡಿಸಿಯೇ ಕಲಿಸಿರಬೇಕು. ನಿವೃತ್ತನಾದ ಮೇಲೂ ಕರೆದ ಕಡೆಗೆಲ್ಲ ಹೋಗಿ ಈ ಓಟವನ್ನು ಕಲಿಸುತ್ತಿದ್ದೇನೆ. ಮಂಡಿ ನೋಯುವುದರಿಂದ ನಾನು ಸುಟ್ಟ ನೆಲದಲ್ಲಿ ನಿಂತು ಕೂಗುತ್ತೇನೆ, ಹುಡುಗರು ನನ್ನ ಕಡೆಗೆ ಓಡಿ ಬರುತ್ತಾರೆ.