ಬಫರ್ ಯಾರದು? ಸ್ಟೋರೇಜ್ ಲೈಬ್ರರಿಯೊಂದನ್ನು ಮೂರು ಸಲ ಬರೆದ ಕಥೆ

ನಾನು ಕೆಲಸ ಮಾಡುವ ಕಡೆ ಡಿಸ್ಕ್‌ನಿಂದ ಡೇಟಾ ಓದುವ ಕೋಡ್ ಮೂರು ತಂಡಗಳಲ್ಲಿ ಮೂರು ಥರ ಇತ್ತು. ಒಬ್ಬರದು ಥ್ರೆಡ್ ಪೂಲ್ (ಓದುವ ಕೆಲಸ ಹಂಚಿಕೊಂಡು ಕಾಯುವ ಥ್ರೆಡ್‌ಗಳ ಗುಂಪು), ಇನ್ನೊಬ್ಬರದು ಲಿನಕ್ಸ್‌ನ ಹಳೆಯ ಎಐಒ (ಕೋರಿಕೆ ಹಾಕಿ, ಕಾಯದೆ ಮುಂದೆ ಹೋಗುವ ವಿಧಾನ). ಮೂರನೆಯವರು ಫೈಲನ್ನು ಎಂ-ಮ್ಯಾಪ್ ಮಾಡಿ (ಮೆಮೊರಿಯ ಭಾಗವೇ ಎಂಬಂತೆ ಕಾಣಿಸಿ) ಉಳಿದದ್ದನ್ನು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೇಲೆ ಬಿಟ್ಟಿದ್ದರು. ಒಬ್ಬರು ಸರಿಪಡಿಸಿದ ಬಗ್ ಆರು ತಿಂಗಳ ನಂತರ ಇನ್ನೊಬ್ಬರ ಮನೆಯಲ್ಲಿ ಏಳುತ್ತಿತ್ತು. ಎಲ್ಲರಿಗೂ ಒಂದೇ ಲೈಬ್ರರಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ತಿಂಗಳು ಸಾಕು ಎಂದಿದ್ದೆ. ಒಂದು ವರ್ಷ ದಾಟಿತು.

ವೇಗದ ಲೆಕ್ಕ ಕಷ್ಟದ್ದೇನಲ್ಲ. ತಿರುಗುವ ಡಿಸ್ಕ್‌ನಲ್ಲಿ ಒಂದು ಓದಿಗೆ ಹಲವು ಮಿಲಿಸೆಕೆಂಡ್ ಹೋಗುತ್ತಿದ್ದಾಗ ಸಾಫ್ಟ್‌ವೇರ್ ತಿನ್ನುವ ಸಮಯವನ್ನು ಯಾರೂ ಕೇಳುತ್ತಿರಲಿಲ್ಲ. ಎನ್‌ವಿಎಂಇ ಡ್ರೈವ್ (ಫ್ಲ್ಯಾಶ್ ಚಿಪ್‌ಗಳ ವೇಗದ ಡ್ರೈವ್) ಅದೇ ಕೆಲಸವನ್ನು ಸುಮಾರು 100 ಮೈಕ್ರೋಸೆಕೆಂಡ್‌ನಲ್ಲಿ ಮುಗಿಸುತ್ತದೆ. ಒಂದು ಓದು ಮುಗಿದ ಮೇಲೆ ಇನ್ನೊಂದು ಕೇಳಿದರೆ ಸೆಕೆಂಡಿಗೆ 10,000 ಓದು, ಅಷ್ಟೇ. ಒಟ್ಟಿಗೆ 32 ಕೇಳಿ ಕಾದರೆ, ಡ್ರೈವ್ ತಡೆದುಕೊಳ್ಳುವಷ್ಟು ದೂರ, 3,20,000ದವರೆಗೆ ಹೋಗಬಹುದು. ಹಳೆಯ ಎಎಚ್‌ಸಿಐನಲ್ಲಿ (ಸಾಟಾ ಡಿಸ್ಕ್‌ಗಳ ಜೊತೆ ಮಾತಾಡುವ ಕ್ರಮ) ಪೋರ್ಟಿಗೊಂದೇ ಕ್ಯೂ (ಕೋರಿಕೆಗಳ ಸಾಲು), ಅದರಲ್ಲಿ 32 ಕಮಾಂಡ್. 2011ರಲ್ಲಿ ಬಂದ ಎನ್‌ವಿಎಂಇ ನಿಯಮಾವಳಿ ಸುಮಾರು 64 ಸಾವಿರ ಕ್ಯೂಗಳಿಗೆ, ಒಂದೊಂದರಲ್ಲೂ ಅಷ್ಟೇ ಕಮಾಂಡ್‌ಗಳಿಗೆ ಜಾಗ ಕೊಟ್ಟಿದೆ. ಡ್ರೈವ್‌ಗೆ ಬಿಡುವು ಕೊಡದೆ ಕೆಲಸ ಒದಗಿಸುತ್ತಿರುವುದೇ ಲೈಬ್ರರಿಯ ಕೆಲಸ.

ತಳಕ್ಕೆ ಐಒ-ಯೂರಿಂಗ್ ಆರಿಸಿದೆವು. 2019ರಲ್ಲಿ ಲಿನಕ್ಸ್ 5.1ರ ಜೊತೆ ಬಂದ ಇದರಲ್ಲಿ ಪ್ರೋಗ್ರಾಂ ಮತ್ತು ಕರ್ನಲ್ ಎರಡೂ ಹಂಚಿಕೊಳ್ಳುವ ಎರಡು ರಿಂಗ್‌ಗಳಿವೆ: ಒಂದರಲ್ಲಿ ಕೋರಿಕೆ ಹಾಕುವುದು, ಇನ್ನೊಂದರಲ್ಲಿ ಮುಗಿದದ್ದನ್ನು ಎತ್ತಿಕೊಳ್ಳುವುದು. ಹತ್ತಾರು ಕೋರಿಕೆ ಸೇರಿಸಿ ಒಂದೇ ಸಿಸ್ಟಂ ಕಾಲ್‌ನಲ್ಲಿ (ಕರ್ನಲ್‌ಗೆ ಮಾಡುವ ಕರೆ) ಕಳಿಸಬಹುದು. ಎಸ್‌ಪಿಡಿಕೆ ಎಂಬ ಇನ್ನೊಂದು ಟೂಲ್‌ಕಿಟ್ ಇನ್ನೂ ವೇಗ, ನಿಜ. ಆದರೆ ಅದು ಕರ್ನಲ್ಲನ್ನೇ ದಾಟಿ ಡ್ರೈವ್ ಜೊತೆ ನೇರ ಮಾತಾಡುವುದರಿಂದ ಮಾಮೂಲಿ ಫೈಲ್‌ಸಿಸ್ಟಂ ಕೈಬಿಡಬೇಕು, ಪೋಲಿಂಗ್‌ಗೆಂದು (ಮುಗಿಯಿತೇ ಎಂದು ಬಿಡದೆ ನೋಡುತ್ತಿರಲು) ಒಂದು ಸಿಪಿಯು ಕೋರ್ ಸದಾ ಉರಿಯುತ್ತಿರಬೇಕು. ನಮಗೆ ಫೈಲ್‌ಗಳು ಬೇಕಿದ್ದವು. ಚರ್ಚೆ ಅರ್ಧ ಗಂಟೆಯಲ್ಲಿ ಮುಗಿಯಿತು.

ಮೊದಲ ಆವೃತ್ತಿಯ ಇಂಟರ್‌ಫೇಸ್ ನೋಡಲು ಚೆನ್ನಾಗಿತ್ತು: ಫೈಲ್, ಆಫ್‌ಸೆಟ್ (ಫೈಲಿನಲ್ಲಿ ಎಲ್ಲಿಂದ), ಉದ್ದ, ನಿಮ್ಮ ಬಫರ್ (ಓದಿದ್ದು ಬಂದು ಬೀಳುವ ಮೆಮೊರಿ ಜಾಗ), ಒಂದು ಕಾಲ್‌ಬ್ಯಾಕ್ (ಓದು ಮುಗಿದಾಗ ಲೈಬ್ರರಿ ಕರೆಯುವ ನಿಮ್ಮ ಫಂಕ್ಷನ್). ಪೇಜ್ ಕ್ಯಾಶ್ (ಓದಿದ್ದನ್ನು ಕರ್ನಲ್ ಇಟ್ಟುಕೊಳ್ಳುವ ಮೆಮೊರಿ) ಬೇಡವೆಂದು ಅದನ್ನು ದಾಟಿ ಹೋಗುವ ಡೈರೆಕ್ಟ್ ಐಒ ಬಳಸುತ್ತಿದ್ದೆವು. ಅದಕ್ಕೆ ಬಫರಿನ ವಿಳಾಸವೂ ಆಫ್‌ಸೆಟ್ಟೂ 512ಕ್ಕೋ 4096ಕ್ಕೋ ಸರಿಹೊಂದಬೇಕು, ಅಂದರೆ ಅದರಿಂದ ಶೇಷವಿಲ್ಲದೆ ಭಾಗವಾಗಬೇಕು (ಇದೇ ಅಲೈನ್‌ಮೆಂಟ್). ಹೊಂದದಿದ್ದವರಿಗೆ ಉಪಕಾರ ಮಾಡೋಣ ಎಂದು ಒಳಗೊಳಗೇ ಇನ್ನೊಂದು ಬಫರಿಗೆ ಓದಿಸಿ ನಕಲು ಮಾಡಿ ಕೊಟ್ಟೆ. ಸಮಯ ಎಲ್ಲಿ ಹೋಗುತ್ತಿದೆ ಎಂದು ಪ್ರೊಫೈಲ್ ತೆಗೆದರೆ ಪಟ್ಟಿಯ ತಲೆಯಲ್ಲಿ ಮೆಮ್‌ಕಾಪಿ, ಅದೇ ಆ ನಕಲು! ಕೇಳದೆ ಮಾಡಿದ ಉಪಕಾರ.

ಅದು ಸಣ್ಣ ಪೆಟ್ಟು. ದೊಡ್ಡದು ನಂತರ ಬಂತು.

ಒಂದು ಸೇವೆ ಎರಡು ಮೂರು ದಿನಕ್ಕೊಮ್ಮೆ ಬೀಳತೊಡಗಿತು. ಪ್ರತಿ ಸಲ ಬೇರೆ ಜಾಗದಲ್ಲಿ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿದರೂ ಏನೂ ಸಿಗಲಿಲ್ಲ. ಮೂರು ವಾರ ತಲೆ ಕೆರೆದುಕೊಂಡೆವು. ಕೊನೆಗೆ ಒಂದು ಕೋರ್ ಡಂಪ್‌ನಲ್ಲಿ (ಬಿದ್ದ ಕ್ಷಣದ ಮೆಮೊರಿಯ ನಕಲು), ಆ ಸೇವೆಯ ಹ್ಯಾಶ್ ಟೇಬಲ್ ಇರಬೇಕಾದ ಕಡೆ, ಸರಿಯಾಗಿ 4096ರ ಗಡಿಯಿಂದ ನಮ್ಮದೇ ಫೈಲ್ ಫಾರ್ಮ್ಯಾಟ್‌ನ ಮೊದಲ ಎಂಟು ಬೈಟ್ ಕಾಣಿಸಿತು. ಡಿಸ್ಕ್‌ನಲ್ಲಿ ಇರಬೇಕಾದದ್ದು ಹ್ಯಾಶ್ ಟೇಬಲ್ ಮೇಲೆ ಬಂದು ಕೂತಿತ್ತು.

ನಡೆದದ್ದು ಇಷ್ಟು. ಆ ಸೇವೆ ಓದಿಗಾಗಿ 50 ಮಿಲಿಸೆಕೆಂಡ್ ಕಾದು, ಬರದಿದ್ದರೆ ಟೈಮೌಟ್ ಎಂದುಕೊಂಡು ಬಫರನ್ನು ಫ್ರೀ ಮಾಡಿ ಮುಂದೆ ಹೋಗುತ್ತಿತ್ತು. ಮೆಮೊರಿ ಹಂಚುವ ಅಲೊಕೇಟರ್ ಅದೇ ಜಾಗವನ್ನು ಇನ್ಯಾರಿಗೋ ಕೊಡುತ್ತಿತ್ತು. ಡ್ರೈವ್‌ಗೆ ಇದರ ಅರಿವೇ ಇಲ್ಲ. ಒಳಗಿನ ಕಸ ಗುಡಿಸುವ ಕೆಲಸದಲ್ಲಿದ್ದು ತಡವಾದರೂ, ಹೇಳಿದ ವಿಳಾಸಕ್ಕೆ ನಿಷ್ಠೆಯಿಂದ ಡೇಟಾ ಹಾಕುತ್ತಿತ್ತು. ಅವರು ಬಫರನ್ನು ಸರಿಯಾಗಿ ಅಲೈನ್ ಮಾಡಿಯೇ ಕೊಡುತ್ತಿದ್ದುದರಿಂದ ನಮ್ಮ ನಕಲು ಕೋಡ್ ನಡುವೆ ಬರುತ್ತಿರಲಿಲ್ಲ. ಬರೆಯುತ್ತಿದ್ದುದು ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಬರದೆ, ನೇರ ಡ್ರೈವ್. ಸ್ಯಾನಿಟೈಸರ್‌ಗೆ ಕಾಣುವುದು ಪ್ರೋಗ್ರಾಂ ಬರೆದದ್ದು ಮಾತ್ರ.

ತಪ್ಪು ಅವರದೆಂದು ವಾದಿಸಬಹುದಿತ್ತು, ಒಂದು ದಿನ ವಾದಿಸಿದೆ ಕೂಡ. ಆದರೆ ನಮ್ಮ ಇಂಟರ್‌ಫೇಸ್‌ನಲ್ಲಿ ಟೈಮೌಟ್ ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಓದು ನಿಂತಿತೋ, ಕಾಯುವುದಷ್ಟೇ ನಿಂತಿತೋ, ಎಲ್ಲೂ ಹೇಳಿರಲಿಲ್ಲ. ರದ್ದು ಮಾಡಿಬಿಡೋಣ ಎಂದರೆ ಐಒ-ಯೂರಿಂಗ್‌ನಲ್ಲಿ ರದ್ದತಿ ಕೋರಿಕೆ ಇದೆ, ಆದರೆ ಡ್ರೈವ್‌ಗೆ ಹೋಗಿಬಿಟ್ಟ ಓದಿಗೆ ಅದು 'ಆಗಲೇ ನಡೆಯುತ್ತಿದೆ' ಎಂಬ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಬಿಟ್ಟ ಬಾಣ. ಮುಗಿಯಿತೆಂಬ ಸುದ್ದಿ ಬರುವತನಕ ಆ ಬಫರ್ ನಮ್ಮದಲ್ಲ.

ಹಾಗಾಗಿ ಎರಡನೆಯ ಆವೃತ್ತಿಯಲ್ಲಿ ಬಫರ್ ಕೊಡುವ ಹಕ್ಕನ್ನೇ ಕಿತ್ತುಕೊಂಡೆ. ಬಫರ್‌ಗಳ ಪೂಲ್ ಲೈಬ್ರರಿಯದು. ಓದು ಮುಗಿದರೆ ಬಫರ್‌ನ ಒಂದು ಹ್ಯಾಂಡಲ್ (ಗುರುತು ಚೀಟಿ) ಸಿಗುತ್ತದೆ, ಬಳಸಿ ಹಿಂದಿರುಗಿಸಬೇಕು. ಬರೆಯುವುದಿದ್ದರೆ ಮೊದಲು ಬಫರ್ ಕೇಳಿ ಪಡೆದು, ತುಂಬಿಸಿ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಮುಟ್ಟಬಾರದು. ಟೈಮೌಟ್ ಆದರೆ ಸಿಗುವುದು ಟೈಮೌಟ್ ಮಾತ್ರ. ಬಫರ್ ಡ್ರೈವ್‌ನಿಂದ ವಾಪಸಾದ ಮೇಲಷ್ಟೇ ಪೂಲ್‌ಗೆ ಸೇರುತ್ತದೆ. "ನಮ್ಮ ಮೆಮೊರಿ ನಾವು ನೋಡಿಕೊಳ್ತೀವಿ ಸ್ವಾಮಿ, ನೀವ್ಯಾಕೆ ತಲೆ ಕೆಡಿಸಿಕೊಳ್ತೀರಿ" ಎಂದು ಒಬ್ಬ ಹಿರಿಯ ಸಹೋದ್ಯೋಗಿ ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಇದರಿಂದ ಅಲೈನ್‌ಮೆಂಟ್ ತಲೆನೋವು ತಾನಾಗಿ ಹೋಯಿತು. ಪೂಲ್ ಪೂರ್ತಿ ನಮ್ಮದೇ ಆದ್ದರಿಂದ ಆ ಬಫರ್‌ಗಳನ್ನು ಕರ್ನಲ್‌ನಲ್ಲಿ ಒಮ್ಮೆಗೇ ನೋಂದಾಯಿಸಿದೆವು, ಪ್ರತಿ ಓದಿಗೂ ಮೆಮೊರಿ ಪುಟಗಳನ್ನು ಪಿನ್ ಮಾಡುವ (ಕದಲದಂತೆ ಹಿಡಿದಿಡುವ) ಖರ್ಚೂ ಉಳಿಯಿತು.

ಮೂರನೆಯ ಸಲ ಬರೆಸಿದ್ದು ಕಾಲ್‌ಬ್ಯಾಕ್. ಅದು ಯಾರ ಥ್ರೆಡ್‌ನಲ್ಲಿ ಓಡುತ್ತದೆ? ನಮ್ಮದರಲ್ಲಿ. ಒಂದು ತಂಡ ಅದರೊಳಗೆ ಲಾಕ್ ಹಿಡಿಯಿತು, ಉಳಿದವರ ಓದುಗಳೆಲ್ಲ ಅದರ ಹಿಂದೆ ಸಾಲುಗಟ್ಟಿದವು. ಕಾಲ್‌ಬ್ಯಾಕ್ ತೆಗೆದುಹಾಕಿದೆ. ಈಗ ಪ್ರತಿ ಥ್ರೆಡ್‌ಗೂ ಅದರದೇ ರಿಂಗ್, ಮುಗಿದದ್ದನ್ನು ಅದೇ ಬಂದು ಕೇಳಿ ಒಯ್ಯಬೇಕು.

ಬರೆದದ್ದು ಡಿಸ್ಕ್‌ಗೆ ನಿಜಕ್ಕೂ ಸೇರಿಸುವ ಎಫ್‌ಸಿಂಕ್ ಕರೆಯ ವಿಷಯದಲ್ಲಿ ನಾನು ಹಟಮಾರಿ. ಅದು ಒಮ್ಮೆ ವಿಫಲವಾದರೆ ಲಿನಕ್ಸ್ ಆ ಪುಟಗಳನ್ನು ಬರೆದಾಯಿತೆಂದು ಗುರುತಿಸಿಬಿಡಬಹುದು, ಮತ್ತೆ ಕರೆದರೆ ಯಶಸ್ಸೆಂದು ಸುಳ್ಳು ಉತ್ತರ ಬರಬಹುದು. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನವರು ಇದನ್ನು ಎತ್ತಿದಾಗ ದೊಡ್ಡ ಗದ್ದಲವೇ ಆಗಿತ್ತು. ನಮ್ಮ ಲೈಬ್ರರಿಯಲ್ಲಿ ಒಮ್ಮೆ ಸೋತ ಫೈಲ್ ಹ್ಯಾಂಡಲ್ ಮತ್ತೆ ಏಳುವುದಿಲ್ಲ. ಮರುಯತ್ನದ ಆಯ್ಕೆ ಕೊಡಿ ಎಂದು ಎಷ್ಟೋ ಜನ ಕೇಳಿದರು. ಕೊಟ್ಟಿಲ್ಲ.

ಅಳತೆಯಲ್ಲೂ ಒಮ್ಮೆ ಮೋಸಹೋದೆ. ಹೊಸ ಡ್ರೈವ್‌ನಲ್ಲಿ ಅಂಕಿಗಳು ನಂಬಲಾಗದಷ್ಟು ಚೆನ್ನಾಗಿದ್ದವು, ನಂಬಿ ಎಲ್ಲರಿಗೂ ತೋರಿಸಿಯೂ ಬಿಟ್ಟೆ. ಎಂದೂ ಬರೆಯದ ಬ್ಲಾಕ್ ಓದಿದರೆ ಡ್ರೈವ್ ಫ್ಲ್ಯಾಶ್ ಮುಟ್ಟದೆಯೇ ಸೊನ್ನೆ ಕೊಟ್ಟುಬಿಡಬಹುದು. ಈಗ ಡ್ರೈವ್ ತುಂಬ ಬರೆದ ಮೇಲೆಯೇ ಅಳೆಯುವುದು, ಪಕ್ಕದಲ್ಲಿ ಎಫ್‌ಐಒ ಎಂಬ ಅಳತೆ ಸಾಧನದ ಅಂಕಿಯನ್ನೂ ಇಟ್ಟುಕೊಳ್ಳುವುದು.

ಕಂಟೇನರ್‌ಗಳಲ್ಲಿ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಆವರಣ) ಭದ್ರತೆಯ ಕಾರಣಕ್ಕೆ ಐಒ-ಯೂರಿಂಗ್ ಮುಚ್ಚಿರುವುದು ಸಾಮಾನ್ಯ. 2023ರಲ್ಲಿ ಗೂಗಲ್ ಕೂಡ ತನ್ನ ಸರ್ವರ್‌ಗಳಲ್ಲಿ ಅದನ್ನು ಬಂದ್ ಮಾಡಿದ್ದಾಗಿ ಹೇಳಿತ್ತು. ಹಾಗಾಗಿ ಲೈಬ್ರರಿ ಶುರುವಿನಲ್ಲೇ ಪರೀಕ್ಷಿಸಿ, ಸಿಗದಿದ್ದರೆ ಥ್ರೆಡ್ ಪೂಲ್‌ಗೆ ಇಳಿಯುತ್ತದೆ. ಇಳಿದದ್ದನ್ನು ಲಾಗ್‌ನಲ್ಲಿ ಎದ್ದು ಕಾಣುವಂತೆ ಬರೆಯುತ್ತದೆ.

ಪೂಲ್‌ನ ಇನ್ನೊಂದು ಮುಖ ಇನ್ನೂ ಕಾಡುತ್ತಿದೆ. ಡ್ರೈವ್ ತೀರಾ ಸ್ತಬ್ಧವಾದರೆ ಲಿನಕ್ಸ್ ಡ್ರೈವರ್ ಬಿಟ್ಟುಕೊಡುವ ಮೊದಲು ಮಾಮೂಲಿನಂತೆ 30 ಸೆಕೆಂಡ್ ಕಾಯುತ್ತದೆ. ಅಷ್ಟು ಹೊತ್ತು ಬಫರ್‌ಗಳೆಲ್ಲ ಅಲ್ಲೇ ಸಿಕ್ಕಿಕೊಂಡು ಚೆನ್ನಾಗಿರುವ ಡ್ರೈವ್‌ಗಳಿಗೂ ಬಫರ್ ಇಲ್ಲದಂತಾಗುತ್ತದೆ. ಡ್ರೈವ್‌ಗೊಂದು ಮಿತಿ ಹಾಕಿದ್ದೇನೆ, ಮಿತಿ ಎಷ್ಟಿರಬೇಕೆಂಬ ಜಗಳ ನಡೆಯುತ್ತಲೇ ಇದೆ. ಎಂ-ಮ್ಯಾಪ್ ತಂಡ ಮಾತ್ರ ಇಂದಿಗೂ ಲೈಬ್ರರಿಗೆ ಬಂದಿಲ್ಲ. ಅವರ ಡೇಟಾ ಪೂರ್ತಿ ರ‍್ಯಾಮ್‌ನಲ್ಲಿ ಹಿಡಿಯುತ್ತದೆ. ಬನ್ನಿ ಎಂದು ಕರೆಯುವುದನ್ನು ನಾನೂ ಬಿಟ್ಟಿದ್ದೇನೆ.