ಎಷ್ಟು ಎಲೆ? ಮನೆಯಂಗಳದ ಮದುವೆಗೊಂದು ಲೆಕ್ಕ

ಮದುವೆ ಗೊತ್ತಾದ ಮರುದಿನ ಅಡುಗೆ ಭಟ್ಟರಿಗೆ ಫೋನ್ ಮಾಡಿ ನೋಡಿ. ಹುಡುಗ ಏನು ಕೆಲಸದಲ್ಲಿದ್ದಾನೆ, ಹುಡುಗಿ ಯಾವ ಊರು ಅಂತೆಲ್ಲ ಅವರು ಕೇಳುವುದಿಲ್ಲ. “ಎಷ್ಟು ಎಲೆ?” ಅಂತಾರೆ, ಅಷ್ಟೇ. ಒಂದು ಎಲೆ ಅಂದರೆ ಒಬ್ಬರ ಒಂದು ಊಟ. ಆ ಪ್ರಶ್ನೆಗೆ ಸರಿಯಾದ ಉತ್ತರ ನಿಮ್ಮ ಹತ್ತಿರ ಇದ್ದರೆ ಅರ್ಧ ಮದುವೆ ಮುಗಿದ ಹಾಗೆ. ಇಲ್ಲದೆ ಸಾಲಕ್ಕೆ ಬಿದ್ದವರನ್ನು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಬೇಕಾದಷ್ಟು ನೋಡಿದ್ದೇನೆ. 20 ವರ್ಷದಿಂದ ನೆಂಟರ ಮದುವೆಗಳಲ್ಲಿ ನನಗೆ ಸಿಗುವ ಕೆಲಸ ಒಂದೇ, ಊಟದ ಉಸ್ತುವಾರಿ. ಹಾಗಾಗಿ ಈ ಲೇಖನದಲ್ಲಿ ಹೂವಿನ ಅಲಂಕಾರ ಕಮ್ಮಿ, ಎಲೆಯ ಮಾತು ಜಾಸ್ತಿ.

ಹಂತ 1: ದಿನಕ್ಕಿಂತ ಹೊತ್ತು ಮುಖ್ಯ

ದಿನ ನೋಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ಅಡಿಕೆ ಕೊಯ್ಲು, ಒಣಗಿಸುವುದು ಎಲ್ಲ ಮುಗಿದು ಅಂಗಳ ಖಾಲಿ ಇರುತ್ತದೆ, ಕೈಯಲ್ಲಿ ನಾಲ್ಕು ಕಾಸೂ ಇರುತ್ತದೆ. ಮೇ ನಡುವಿಗೆ ಹೋದಿರೋ, ಮಧ್ಯಾಹ್ನ ಮೂರಕ್ಕೆ ಗುಡುಗು ಶುರು. ಕೊನೇ ಪಂಕ್ತಿಯವರು ಮಜ್ಜಿಗೆ ಜೊತೆ ಮಳೆ ನೀರನ್ನೂ ಉಣ್ಣಬೇಕಾಗುತ್ತದೆ.

ಯಾರೂ ಯೋಚನೆ ಮಾಡದಿರುವುದು ಮುಹೂರ್ತದ ಹೊತ್ತಿನ ಬಗ್ಗೆ. ಬೆಳಿಗ್ಗೆ ಆರೂವರೆಗೆ ಲಗ್ನ ಇಟ್ಟರೆ ಘಟ್ಟದ ಕೆಳಗಿನ ನೆಂಟರೆಲ್ಲ ಹಿಂದಿನ ರಾತ್ರಿಯೇ ಬರಬೇಕು. ಅವರಿಗೆ ರಾತ್ರಿ ಊಟ, ಹಾಸಿಗೆ, ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು, ಕಾಫಿ, ತಿಂಡಿ, ಆಮೇಲೆ ಮಧ್ಯಾಹ್ನದ ಊಟ. ಒಬ್ಬರಿಗೆ ಮೂರು ಎಲೆ. ಅದೇ ನಡುಮಧ್ಯಾಹ್ನದ ಅಭಿಜಿನ್ ಲಗ್ನವಾದರೆ ಬೆಳಗಿನ ಬಸ್ಸಿಗೆ ಬಂದು, ಉಂಡು, ನಾಲ್ಕರ ಬಸ್ಸಿಗೆ ಹೊರಡುತ್ತಾರೆ. ಒಂದೇ ಎಲೆ. ಪುರೋಹಿತರ ಹತ್ತಿರ ಹೋಗುವಾಗ ಜಾತಕದ ಜೊತೆ ಊರಿನ ಬಸ್ಸಿನ ಟೈಮೂ ಬರೆದುಕೊಂಡು ಹೋಗಿ. ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಂತ 2: ಜಾಗ

300 ಎಲೆಯ ಒಳಗಾದರೆ ಮನೆಯಂಗಳವೇ ಸರಿ. ಇದರಲ್ಲಿ ನನ್ನದು ಹಠವೇ ಅನ್ನಿ. ಅಂಗಳ ಸಣ್ಣದಿದ್ದರೆ ಊರಿನ ದೇವಸ್ಥಾನದ ಸಮುದಾಯ ಭವನ ಕೇಳಿ. ಪೇಟೆಯ ಕಲ್ಯಾಣ ಮಂಟಪಕ್ಕೇ ಹೋಗುವುದಾದರೆ ಬಾಡಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಕರೆಂಟು ಬೇರೆಯಾ, ಜನರೇಟರ್ ಡೀಸೆಲ್ ಯಾರದ್ದು, ಕ್ಲೀನಿಂಗ್ ಎಷ್ಟು, ಪಾತ್ರೆ ಸೇರಿದೆಯಾ, ಅಡುಗೆ ಅವರದ್ದೇ ಆಗಬೇಕಾ ಅಂತ ಒಂದೊಂದನ್ನೇ ಕೇಳಿ ಬರೆಸಿಕೊಳ್ಳಿ. ಬೀಗದ ಕೈ ತೆಗೆದುಕೊಂಡ ತಕ್ಷಣ ಕರೆಂಟ್ ಮೀಟರಿನ ಫೋಟೊ ತೆಗೆದಿಡಿ. ನಮ್ಮ ಮನೆಯ ಒಂದು ಮದುವೆಯಲ್ಲಿ ಹಾಗೆ ಮಾಡದೆ ಹಿಂದಿನ ಮದುವೆಯವರ ಸೀರಿಯಲ್ ಲೈಟಿನ ದುಡ್ಡನ್ನೂ ನಾವೇ ಕಟ್ಟಿದೆವು. ಭಾನುವಾರ ಬಿಟ್ಟು ವಾರದ ನಡುವೆ ಇಟ್ಟುಕೊಂಡರೆ ಬಾಡಿಗೆಯಲ್ಲಿ ಚೌಕಾಸಿಗೂ ಜಾಗ ಇರುತ್ತದೆ.

ಇನ್ನೂ ಸರಳವಾಗಿ, ಹೇಳುವ ಮಾತಿನ ಅರ್ಥ ತಿಳಿದು ಮದುವೆಯಾಗಬೇಕು ಅನ್ನುವವರಿಗೆ ನಮ್ಮ ಶಿವಮೊಗ್ಗ ಜಿಲ್ಲೆಯದ್ದೇ ದಾರಿ ಇದೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಆಡಂಬರ ಇಲ್ಲ, ವರದಕ್ಷಿಣೆ ಇಲ್ಲ. ಹುಡುಗ ಹುಡುಗಿ ಕನ್ನಡದಲ್ಲೇ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆ ನಡೆದದ್ದೂ ಹೀಗೇ. ಈಗಲೂ ಕುಪ್ಪಳಿಗೆ ಬಂದು ಹೀಗೆ ಮದುವೆಯಾಗುವವರಿದ್ದಾರೆ. ಆದರೆ ಕುಪ್ಪಳಿಯಲ್ಲಿ ಅರ್ಧ ಗಂಟೆಯ ಮಂತ್ರಮಾಂಗಲ್ಯ ಮುಗಿಸಿ, ಮರುದಿನ ಶಿವಮೊಗ್ಗದಲ್ಲಿ ಸಾವಿರ ಎಲೆಯ ಆರತಕ್ಷತೆ ಇಟ್ಟವರನ್ನೂ ನೋಡಿದ್ದೇನೆ. ಅದು ಯಾವ ಲೆಕ್ಕವೋ ನನಗೆ ಹೊಳೆದಿಲ್ಲ.

ಹಂತ 3: ಎಲೆ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ. ಹೇಗೆ ಅಂತ ಹೇಳುತ್ತೇನೆ. ಮನೆ ಯಜಮಾನರು ಬೆರಳು ಮಡಚಿ ಎಣಿಸಿ “ಒಂದು 300” ಅನ್ನುತ್ತಾರೆ. ಯಜಮಾನಿ ಒಳಗಿನಿಂದ “ಯಾವುದಕ್ಕೂ 350 ಇರಲಿ” ಅನ್ನುತ್ತಾರೆ. ದೊಡ್ಡಪ್ಪ ಭಟ್ಟರಿಗೆ ಫೋನ್ ಮಾಡುವಾಗ “ಮರ್ಯಾದೆ ಪ್ರಶ್ನೆ ಮಾರಾಯ್ರೆ, 400 ಹಿಡ್ಕೊಳ್ಳಿ” ಅನ್ನುತ್ತಾನೆ. ಭಟ್ಟರು ಹಳಬರು. ಹೆಸರು ಕೆಡಬಾರದು ಅಂತ ತಮ್ಮ ಲೆಕ್ಕದಲ್ಲಿ 40 ಸೇರಿಸಿ ಸಾಮಾನಿನ ಚೀಟಿ ಬರೆಯುತ್ತಾರೆ. ಆ ಚೀಟಿ ಹಿಡಿದು ಗಾಂಧಿ ಬಜಾರಿಗೆ ಹೋದ ಭಾವ, ಕಡಿಮೆ ಬಿದ್ದರೆ ಮತ್ತೆ ಶಿವಮೊಗ್ಗಕ್ಕೆ ಯಾರು ಬರ್ತಾರೆ ಅಂತ ಎಲ್ಲದರಲ್ಲೂ ಎರಡೆರಡು ಕೆ.ಜಿ. ಜಾಸ್ತಿ ಕಟ್ಟಿಸುತ್ತಾನೆ. ಕೊನೆಗೆ ಉಂಡವರು 280. ಎಲೆಗೆ 200 ರೂಪಾಯಿ ಬೀಳುತ್ತದೆ ಅಂತ ಇಟ್ಟುಕೊಂಡರೂ 160 ಎಲೆಗೆ 32,000 ರೂಪಾಯಿ ಹೋಯಿತು. ಭಾವ ತಂದ ಸಾಮಾನು ಬೇರೆ.

ನನ್ನ ತಂಗಿಯ ಮದುವೆಯಲ್ಲಿ ಆಗಿದ್ದು ಇದೇ. ಒಂದು ದೊಡ್ಡ ಬುಟ್ಟಿ ಹೋಳಿಗೆ ಉಳಿಯಿತು. ಎರಡು ದಿನ ನಾವು ತಿಂದೆವು, ಆಮೇಲೆ ಕೊಟ್ಟಿಗೆಗೆ ಹೋಯಿತು. ಕರೆಯುವ ದನ ಹೊಟ್ಟೆ ಉಬ್ಬರಿಸಿಕೊಂಡು ಮಲಗಿಬಿಟ್ಟಿತು. ದನದ ಡಾಕ್ಟರ ಫೀಸನ್ನು ಅಪ್ಪ ಮದುವೆ ಖರ್ಚಿನ ಪಟ್ಟಿಗೇ ಬರೆದರು.

ಈಗ ಸರಿಯಾದ ಕ್ರಮ. ಮನೆಯಲ್ಲಿ ಹಿಂದೆ ನಡೆದ ಮದುವೆಯ ಮುಯ್ಯಿ ಪುಸ್ತಕ ಹುಡುಕಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇರುತ್ತದೆ. ಯಾರು ಬಂದಿದ್ದರು, ಎಷ್ಟು ಓದಿಸಿದರು ಅಂತ ಅದರಲ್ಲಿದೆ. ನೆನಪಿನಿಂದ ಬರೆದ ಪಟ್ಟಿಗಿಂತ ಅದು ಎಷ್ಟೋ ವಾಸಿ, ಬಿಟ್ಟುಹೋದ ಮನೆ ಅದರಲ್ಲಿ ಸಿಕ್ಕೇ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು ಜನರ ಹೆಸರಲ್ಲ, ಮನೆಗಳ ಹೆಸರು ಬರೆಯಿರಿ. ಪ್ರತಿ ಮನೆ ಮುಂದೆ ಹೇಗೆ ಹೇಳಿಕೆ ಅಂತ ಗುರುತು ಹಾಕಿ: ಮನೆ ಮಂದಿಗೆಲ್ಲ, ಮನೆಗೆ ಇಬ್ಬರು, ಪತ್ರಿಕೆ ಮಾತ್ರ. ಆಮೇಲೆ ಪೆನ್ಸಿಲಿನಲ್ಲಿ ಎಲೆ ಸಂಖ್ಯೆ. ಪೆನ್ನು ಬೇಡ, ತಿದ್ದುವುದು ಬಹಳ ಇರುತ್ತದೆ.

ನಾನು ಹಿಡಿಯುವ ಲೆಕ್ಕ ಹೀಗೆ. ಸ್ವಂತ ಊರಿನವರು ಪೂರ್ತಿ, ಮನೆಯ ಕೂಸಿಗೂ ಅರ್ಧ ಎಲೆ. ಸುತ್ತಿನ ಊರುಗಳ ನೆಂಟರು ಮನೆಗೆ ಮೂರು. ಶಿವಮೊಗ್ಗದ ಆಫೀಸಿನವರು, ಸ್ನೇಹಿತರು ಕರೆದದ್ದರಲ್ಲಿ ಅರ್ಧ. ಬೆಂಗಳೂರಿನವರು “ಖಂಡಿತಾ ಬರ್ತೀವಿ” ಅಂದರೆ ನಂಬಬೇಡಿ, ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದವರನ್ನು ಮಾತ್ರ ಎಣಿಸಿ. ಇದು ನನ್ನ ಅನುಭವದ ಲೆಕ್ಕ. ನಿಮ್ಮ ನೆಂಟರ ಸ್ವಭಾವ ನಿಮಗೇ ಗೊತ್ತು.

ಇನ್ನೊಂದು ವಿಷಯ ಮರೆತರೆ ಈ ಲೆಕ್ಕವೆಲ್ಲ ತಲೆಕೆಳಗು. ಅದೇ ದಿನ ಸುತ್ತಮುತ್ತ ಎಷ್ಟು ಮದುವೆ ಇದೆ? ಒಳ್ಳೆಯ ಲಗ್ನದ ದಿನ ಒಂದೇ ಊರಿಗೆ ಮೂರು ಮದುವೆಯ ಹೇಳಿಕೆ ಇರುತ್ತದೆ. ಆಗ ಅಪ್ಪ ಒಂದು ಕಡೆ, ಮಗ ಒಂದು ಕಡೆ, ಅಮ್ಮ ತವರಿನ ಕಡೆ ಅಂತ ಮನೆಯೇ ಹಂಚಿಹೋಗುತ್ತದೆ. ಭಟ್ಟರನ್ನೋ ವಾಲಗದವರನ್ನೋ ಕೇಳಿ, ಅವರ ಡೈರಿಯಲ್ಲಿ ಎಲ್ಲರ ಮದುವೆಯೂ ಇರುತ್ತದೆ.

ಮದುವೆಗೆ ಎಂಟು ದಿನ ಇರುವಾಗ ಪಟ್ಟಿ ಕೂಡಿಸಿ. ಬಂದ ಮೊತ್ತಕ್ಕೆ ನೂರಕ್ಕೆ ಹತ್ತು ಸೇರಿಸಿ. ಅಷ್ಟೇ. ಸೇರಿಸುವವರು ಒಬ್ಬರೇ ಆಗಿರಬೇಕು. ಭಟ್ಟರಿಗೆ ಆ ಸಂಖ್ಯೆ ಹೇಳುವಾಗ “ಸೇರಿಸಿಯೇ ಹೇಳ್ತಿದ್ದೇನೆ, ನೀವು ಸೇರಿಸಬೇಡಿ” ಅನ್ನಬೇಕು. ದೊಡ್ಡಪ್ಪನಿಗೆ ಫೋನ್ ಕೊಡಬೇಡಿ.

ಮದುವೆ ದಿನದ ಕೆಲಸ ಇನ್ನೂ ಮುಖ್ಯ. ಬಾಳೆಎಲೆಯನ್ನು ಹಿಂದಿನ ದಿನವೇ ಕೊಯ್ದು, ಒರೆಸಿ, 50ರ ಕಟ್ಟು ಮಾಡಿ ನೆರಳಿನಲ್ಲಿಡಿ. ಹರಿದದ್ದು ಹೋಗಲಿ ಅಂತ ಎಲೆ ಮಾತ್ರ ಸ್ವಲ್ಪ ಧಾರಾಳವಾಗಿ ಇರಲಿ. ಎಷ್ಟು ಕಟ್ಟು ಬಿಚ್ಚಿತು ಅಂತ ನೋಡಿದರೆ ಎಷ್ಟು ಜನ ಉಂಡರು ಅಂತ ಗೊತ್ತಾಗುತ್ತದೆ, ಬೇರೆ ಎಣಿಕೆ ಬೇಡ. ಅಕ್ಕಿ 100 ಎಲೆಗೆ 10ರಿಂದ 12 ಕೆ.ಜಿ. ಸಾಕು. ಪೂರ್ತಿ ಒಂದೇ ಸಲ ಬೇಯಿಸಬೇಡಿ. ಮುಕ್ಕಾಲು ಪಾಲು ಬೇಯಿಸಿ, ಉಳಿದ ಅಕ್ಕಿ ಚೀಲದಲ್ಲೇ ಇರಲಿ, ಒಲೆ ಮೇಲೆ ಎಸರು ಮಾತ್ರ ಕುದಿಯುತ್ತಿರಲಿ. ಮೊದಲ ಪಂಕ್ತಿ ಕೂತಾಗ ಚಪ್ಪರದ ಹೊರಗೆ ಹೋಗಿ ನೋಡಿ. ಇನ್ನೂ ಎಷ್ಟು ಜನ ನಿಂತಿದ್ದಾರೆ, ರಸ್ತೆಯಲ್ಲಿ ಎಷ್ಟು ಗಾಡಿ ಇದೆ. ಬೇಕು ಅನ್ನಿಸಿದರೆ ಆಗ ಅಕ್ಕಿ ತೊಳೆದು ಹಾಕಿ. ಎರಡನೇ ಪಂಕ್ತಿಗೆ ಮಜ್ಜಿಗೆ ಬಡಿಸುವುದರೊಳಗೆ ಅನ್ನ ಆಗಿರುತ್ತದೆ. ಅನ್ನ, ಸಾರು, ಪಾಯಸ ಹಿಗ್ಗುತ್ತವೆ. ಹೋಳಿಗೆ ಹಿಗ್ಗುವುದಿಲ್ಲ. ಆದ್ದರಿಂದ ಹೋಳಿಗೆಯನ್ನು ಎಣಿಸಿಯೇ ಮಾಡಿಸಿ, ಎಲೆಗೆ ಎರಡು. ಬಡಿಸುವಾಗ ಮೊದಲ ಸುತ್ತಿಗೆ ಒಂದೇ ಹಾಕಿಸಿ, ಬೇಕು ಅಂದವರಿಗೆ ಇನ್ನೊಂದು.

ಆದರೂ ಉಳಿಯಬಹುದು. ಹತ್ತಿರದ ಹಾಸ್ಟೆಲಿನ ವಾರ್ಡನ್‌ಗೆ ಬೆಳಿಗ್ಗೆಯೇ ಒಂದು ಮಾತು ಹೇಳಿಡಿ. ಸಂಜೆ ಐದಕ್ಕೆ ಫೋನ್ ಮಾಡಿದರೆ ಅಲ್ಲಿ ಅನ್ನಕ್ಕೆ ಇಟ್ಟಾಗಿರುತ್ತದೆ.

ಹಂತ 4: ಏನು ಬಡಿಸುವುದು

ತೋಟದಲ್ಲಿ, ಸಂತೆಯಲ್ಲಿ ಆ ತಿಂಗಳು ಏನಿದೆಯೋ ಅದನ್ನು. ಏಪ್ರಿಲ್‌ನಲ್ಲಿ ಎಳೆ ಹಲಸಿನಕಾಯಿ ಪಲ್ಯ, ಅಪ್ಪೆಹುಳಿ, ಸೌತೆಕಾಯಿ ಹುಳಿ, ಮಿಡಿ ಉಪ್ಪಿನಕಾಯಿ ಇರುವಾಗ ಪನೀರು, ಮಂಚೂರಿ ಯಾಕೆ? ಸಿಹಿ ಒಂದೇ ಸಾಕು, ಜೊತೆಗೆ ಪಾಯಸ. ಬಂದವರಿಗೆ ಮೊದಲು ಬೆಲ್ಲ ನೀರು ಅಥವಾ ಮುರುಗಲ ಹಣ್ಣಿನ ಪಾನಕ ಕೊಡಿ. ಅರ್ಧ ಲೀಟರ್ ನೀರಿನ ಬಾಟಲಿ ಸಾಲಾಗಿ ಇಡುವುದು ಶುದ್ಧ ದಂಡ. ಎಲ್ಲರೂ ಎರಡು ಗುಟುಕು ಕುಡಿದು ಬಿಟ್ಟು ಹೋಗುತ್ತಾರೆ. ಬೀಗರೂಟ ಇರುವ ಮನೆಗಳಲ್ಲಿ ಅದರ ಎಲೆ ಲೆಕ್ಕ ಬೇರೆಯೇ ಬರೆಯಿರಿ, ಕೋಳಿ ಸಾರು ಕಡುಬಿಗೆ “ಬರುವುದಿಲ್ಲ” ಅಂದವರೂ ಬರುತ್ತಾರೆ.

ಒಂದು ಮಾಲಿನ ಬಗ್ಗೆ ಎಚ್ಚರಿಸಲೇಬೇಕು. ಬಾಳೆಎಲೆ ಚಿತ್ರ ಅಚ್ಚು ಹಾಕಿದ, ಪ್ಲಾಸ್ಟಿಕ್ ಲೇಪದ ಕಾಗದದ ಎಲೆ ಸಿಗುತ್ತದೆ. ಬಿಸಿ ಸಾರು ಬಿದ್ದ ಕೂಡಲೇ ಒಂಥರಾ ವಾಸನೆ. ಕಾನೂನಿನ ಪ್ರಕಾರವೂ ನೋಡಿ: 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಊಟದ ಟೇಬಲ್ ಮೇಲೆ ಹಾಸುವ ಹಾಳೆ ಎಲ್ಲ ನಿಷೇಧ. ಫ್ಲೆಕ್ಸ್ ಕೂಡ ಅದೇ ಪಟ್ಟಿಯಲ್ಲಿದೆ, ಅಂದರೆ ಊರ ಬಾಗಿಲಿಗೆ ಕಟ್ಟುವ ವಧೂವರರ ಫೋಟೊ ಸಹ. ಬಾಳೆಎಲೆ ಸಾಲದಿದ್ದರೆ ಅಡಿಕೆ ಹಾಳೆ ತಟ್ಟೆ ನಮ್ಮಲ್ಲೇ ತಯಾರಾಗುತ್ತದೆ. ಮುಟ್ಟಿ ನೋಡಿ ಕೊಳ್ಳಿ, ಸರಿಯಾಗಿ ಒಣಗದ್ದರ ಅಡಿಯಲ್ಲಿ ಬೂಸ್ಟು ಇರುತ್ತದೆ.

ಹಂತ 5: ಚಪ್ಪರ, ಮಂಟಪ

ಅಡಿಕೆ ಮರದ ಕಂಬ, ಮೇಲೆ ಸೋಗೆ, ಬಾಗಿಲಿಗೆ ಬಾಳೆ, ಮಾವಿನ ತೋರಣ. ಮಂಟಪಕ್ಕೆ ನಾಲ್ಕು ಸಿಂಗಾರದ (ಅಡಿಕೆ ಹೂವಿನ) ಗೊನೆ ಇಳಿಬಿಟ್ಟರೆ ಆಯಿತು. ದೂರದಿಂದ ತರಿಸಿದ ಹೂವು ಮಧ್ಯಾಹ್ನಕ್ಕೆ ಬಾಡಿದರೂ ಸಿಂಗಾರ ಬಾಡುವುದಿಲ್ಲ.

ದುಡ್ಡು ಹಾಕಲೇಬೇಕು ಅನ್ನಿಸಿದರೆ ಹಿಂದಿನ ಪರದೆಯ ಬದಲು ಹಸೆ ಚಿತ್ತಾರ ಬರೆಸಿ. ಸಾಗರ, ಸೊರಬ ಕಡೆಯ ದೀವರ ಹೆಣ್ಣುಮಕ್ಕಳ ಕೈಯಲ್ಲಿರುವ ಕಲೆ ಇದು. ಮದುವೆ ಮನೆಯ ಗೋಡೆಗೆಂದೇ ಹುಟ್ಟಿದ್ದು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗೆರೆ ಎಳೆಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಪರದೆಯನ್ನು ಸಂಜೆ ಬಿಚ್ಚಿಕೊಂಡು ಹೋಗುತ್ತಾರೆ, ಚಿತ್ತಾರ ಗೋಡೆಯಲ್ಲೇ ಇರುತ್ತದೆ. ಬರೆದವರಿಗೆ ಚೌಕಾಸಿ ಮಾಡದೆ ಕೊಡಿ. ಪೇಟೆಯಲ್ಲಿ ಅಂಟಿಸುವ ಸ್ಟಿಕ್ಕರ್ ಚಿತ್ತಾರ ಸಿಗುತ್ತದಂತೆ. ನನ್ನನ್ನು ಕೇಳಬೇಡಿ.

ಹಂತ 6: ಉಳಿದದ್ದು

ಸೀರೆ, ಒಂದೇ ದಿನ ಹೋಗಿ ತನ್ನಿ, ಮೂರಕ್ಕಿಂತ ಜಾಸ್ತಿ ಜನ ಹೋಗಬೇಡಿ. ಫೋಟೊಕ್ಕೆ ಒಬ್ಬರು ಸಾಕು. ಡ್ರೋನ್ ಬೇಡ, ಅಡಿಕೆ ತೋಟದಲ್ಲಿ ಅದನ್ನು ಮರ ಹತ್ತಿ ಇಳಿಸಬೇಕಾಗುತ್ತದೆ. ಮದುವೆಗೆ ಮುಂಚಿನ ಫೋಟೊ ಅಂತ ಏಪ್ರಿಲ್‌ನಲ್ಲಿ ಜೋಗಕ್ಕೆ ಹೋದರೆ ಬಂಡೆ ಮುಂದೆ ನಿಂತ ಫೋಟೊ ಬರುತ್ತದೆ.

ಪತ್ರಿಕೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಆದರೆ ನೆಟ್‌ವರ್ಕ್ ಇಲ್ಲದ ಮನೆಗಳಿಗೆ, ಹಿರಿಯರಿಗೆ ಅಕ್ಷತೆ ಕೊಟ್ಟು ಖುದ್ದಾಗಿ ಹೇಳಿ ಬನ್ನಿ. ಅವರು “ಫೋನಲ್ಲಿ ಹೇಳಿದ” ಅನ್ನುವುದನ್ನು ಹತ್ತು ವರ್ಷ ನೆನಪಿಡುತ್ತಾರೆ. ನಾಲ್ಕು ಪ್ರತಿ ಅಚ್ಚು ಹಾಕಿಸಿದ್ದು ಜೋಪಾನ ಮಾಡಿ, ಮದುವೆ ನೋಂದಣಿಗೆ ಬೇಕು. ಮದುವೆಯ ಫೋಟೊ, ವಯಸ್ಸಿನ ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳ ಜೊತೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಆ ತಿಂಗಳೇ ಹೋಗಿ ಮುಗಿಸಿ. ವಿಶೇಷ ವಿವಾಹ ಕಾಯ್ದೆಯಡಿ ಆಗುವವರು ಮಾತ್ರ ಮದುವೆಗೆ 30 ದಿನ ಮೊದಲೇ ನೋಟಿಸ್ ಕೊಡಬೇಕು. ಈ ವಿಷಯ ಕೊನೇ ವಾರದಲ್ಲಿ ಗೊತ್ತಾಗಿ ದಿನ ಮುಂದೆ ಹಾಕಿದವರಿದ್ದಾರೆ.

ಊರಿನ ಪಾತ್ರೆ ತಂದಿದ್ದರೆ ಕೊಳಗ, ಹಂಡೆ, ಬಕೆಟ್, ಸೌಟು ಎಣಿಸಿ ಚೀಟಿಗೆ ಸಹಿ ಹಾಕಿಸಿಕೊಳ್ಳಿ, ವಾಪಸ್ ಕೊಡುವಾಗಲೂ ಹಾಗೇ. ಎರಡು ಸೌಟು ಕಮ್ಮಿ ಬಂದೇ ಬರುತ್ತವೆ. ಭಟ್ಟರ ಮೇಲೆ ಅನುಮಾನ ಪಡುವ ಮೊದಲು ಎಂಜಲೆಲೆ ಹಾಕಿದ ಗೊಬ್ಬರದ ಗುಂಡಿಯಲ್ಲಿ ಒಂದು ಕೋಲು ಹಾಕಿ ಕೆದಕಿ ನೋಡಿ.