ಇಪ್ಪತ್ತೆರಡು ಅಡಿಯ ಅಟ್ಟಣೆ ಹನ್ನೊಂದಕ್ಕೆ ಇಳಿದ ಬಗೆ: ನನ್ನ ಅನುಭವ

ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ಕಾಡಂಚಿನ ನಮ್ಮ ಹೊಲಗಳಲ್ಲಿ ಕಾವಲಿನ ಅಟ್ಟಣೆ ಇಪ್ಪತ್ತು ಅಡಿಗಿಂತ ಕೆಳಗಿರಬಾರದೆಂಬುದು ಹಿಂದಿನಿಂದ ಬಂದ ಲೆಕ್ಕ. ಕಳೆದ ಎರಡು ರಾಗಿ ಬೆಳೆಗಳಿಗೆ ನಾನು ಅದನ್ನು ಹನ್ನೊಂದು ಅಡಿಗೆ ಇಳಿಸಿಕೊಂಡು ಕಾದೆ. ಜಿಂಕೆಗಳು ಹೊಲಕ್ಕೆ ಇಳಿಯುವುದು ಹೆಚ್ಚುಕಡಿಮೆ ನಿಂತಿದೆ, ಮತ್ತು ಮೊದಲ ವರ್ಷ ನಕ್ಕವರಲ್ಲಿ ಕೆಲವರು ಈಗ ಟೇಪು ಹಿಡಿದುಕೊಂಡು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅಟ್ಟಣೆ ಕಟ್ಟುವ ಕೆಲಸ ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಎತ್ತರದ ವಿಚಾರವನ್ನಷ್ಟೇ ಬರೆಯುತ್ತೇನೆ. ಇದೆಲ್ಲವೂ ಪ್ರಾಣಿಯನ್ನು ಓಡಿಸುವುದಕ್ಕೆ. ಬಂದೂಕು, ಉರುಳು, ಕರೆಂಟು ತಂತಿಯ ದಾರಿ ಹಿಡಿದವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಏನೇನು ಅನುಭವಿಸಿದ್ದಾರೆಂಬುದನ್ನು ಕಾಡಂಚಿನವರಿಗೆ ಹೇಳಬೇಕಾಗಿಲ್ಲ.

ನಮ್ಮದು ಎರಡೆಕರೆ ಮಳೆಯಾಶ್ರಯದ ಹೊಲ. ಪಡುವಣಕ್ಕೆ ಕಾಡಿನ ದಿಬ್ಬ, ಅಲ್ಲಿಂದ ಮೂಡಣಕ್ಕೆ ಇಳಿಜಾರು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಹಾಕುತ್ತೇವೆ, ಜಿಂಕೆಗೆ ರಾಗಿಗಿಂತ ಅದರ ಮೇಲೆಯೇ ಕಣ್ಣು. ತಂದೆಯವರ ಕಾಲದ ಅಟ್ಟಣೆ ಹೊಲದ ನಡುವಿನ ಬೇವಿನ ಮರದ ಮೇಲೆ ಸುಮಾರು ಇಪ್ಪತ್ತೆರಡು ಅಡಿಯಲ್ಲಿತ್ತು. ಅಲ್ಲಿ ಕುಳಿತು ರಾತ್ರಿಯಿಡೀ ಕೂಗಿ, ಡಬ್ಬ ಬಡಿದು, ಎರಡೆಕರೆಯಲ್ಲಿ ಆರೇಳು ಕ್ವಿಂಟಾಲ್ ಕೈಗೆ ಸಿಕ್ಕರೆ ಅದೇ ದೊಡ್ಡದು. ಕೂಗಿದರೆ ಜಿಂಕೆ ತಲೆಯೆತ್ತಿ ನೋಡುತ್ತದೆ, ಹತ್ತು ಹೆಜ್ಜೆ ಸರಿಯುತ್ತದೆ, ಮತ್ತೆ ಮೇಯುತ್ತದೆ. ಮೇಲಿರುವವನು ಇಳಿದು ಬರುವುದಿಲ್ಲವೆಂಬುದು ಅದಕ್ಕೆ ಒಂದೇ ವಾರದಲ್ಲಿ ತಿಳಿಯುತ್ತದೆ.

ಬೇವಿನ ಕೊಂಬೆ ಒಣಗಿದ ವರ್ಷ ಪಟ್ಟಣದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ನಾಲ್ಕು ಕಾಲಿನ ಕಬ್ಬಿಣದ ಗೋಪುರ ಮಾಡಿಸಿದೆ. ಆಂಗಲ್, ತಗಡು, ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಸೇರಿ ಇಪ್ಪತ್ತೆಂಟು ಸಾವಿರದ ಆಸುಪಾಸು ಆಯಿತು. ಕುಳಿತಲ್ಲಿ ಮಗ್ಗುಲು ಬದಲಿಸಿದರೆ ಜೋಡಣೆಗಳು ಕಿರುಗುಟ್ಟುತ್ತಿದ್ದವು, ಬೆಳದಿಂಗಳಲ್ಲಿ ಇಡೀ ಗೋಪುರ ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತಿತ್ತು, ಹಿಂಗಾರಿನ ಗುಡುಗು ಶುರುವಾದರೆ ಅದರ ಮೇಲೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಎರಡು ವರ್ಷದ ಮೇಲೆ ಗುಜರಿಗೆ ಹಾಕಿದಾಗ ಹತ್ತು ಸಾವಿರಕ್ಕೆ ಸ್ವಲ್ಪ ಮೇಲೆ ಬಂತು.

ಎತ್ತರದಲ್ಲಿ ಕೂತರೆ ಮನುಷ್ಯನ ವಾಸನೆ ಪ್ರಾಣಿಯ ತಲೆಯ ಮೇಲೆಯೇ ಹಾದುಹೋಗುತ್ತದೆಂದು ನಮ್ಮಲ್ಲಿ ಹೇಳುತ್ತಾರೆ. ಅದನ್ನು ಪರೀಕ್ಷಿಸಬೇಕೆಂದು ಪಡುವಣ ಬದುವಿಗೆ ಎಪ್ಪತ್ತು ಎಂಬತ್ತು ಅಡಿ ಈಚೆಗಿರುವ ಹೊಂಗೆ ಮರಕ್ಕೆ ಏಣಿ ಒರಗಿಸಿ, ಆರು, ಹನ್ನೊಂದು, ಹದಿನಾರು, ಇಪ್ಪತ್ತೆರಡು ಅಡಿಗಳಲ್ಲಿ ಒಂದೊಂದು ಊದುಬತ್ತಿ ಸಿಕ್ಕಿಸಿ, ಕೆಳಗಿನಿಂದ ಬ್ಯಾಟರಿ ಬಿಟ್ಟು ಹೊಗೆಯನ್ನು ನೋಡುತ್ತ ಕುಳಿತೆ. ಸಂಜೆ ಏಳರವರೆಗೆ ನಾಲ್ಕೂ ಹೊಗೆ ದಿಕ್ಕಿಲ್ಲದೆ ಸುತ್ತುತ್ತಿದ್ದವು. ಎಂಟು ದಾಟಿ ನೆಲ ತಣ್ಣಗಾದ ಮೇಲೆ ಕೆಳಗಿನ ಎರಡರ ಹೊಗೆ ದಾರ ಎಳೆದಂತೆ ನೇರವಾಗಿ ಊರಿನ ಕಡೆಗೆ, ಅಂದರೆ ಇಳಿಜಾರಿಗೆ ಹರಿಯತೊಡಗಿತು. ಹದಿನಾರರದು ಒಮ್ಮೆ ಅತ್ತ, ಒಮ್ಮೆ ಇತ್ತ. ಸೊಪ್ಪಿನ ದಟ್ಟಣೆ ಮುಗಿಯುವ ಇಪ್ಪತ್ತೆರಡು ಅಡಿಯಲ್ಲಿ ಮಾತ್ರ ಮೂಡಗಾಳಿ ಹಿಡಿದು ಹೊಗೆ ಸೀದಾ ಕಾಡಿನತ್ತ ಹೋಗುತ್ತಿತ್ತು. ವಾಸನೆ ಮರದ ಬುಡದಲ್ಲಿ ನಿಂತ ಪ್ರಾಣಿಯ ತಲೆಯ ಮೇಲೆ ಹೋಗುವುದು ನಿಜ. ಆದರೆ ಅದೇ ಗಾಳಿ ಮುಂದೆ ಹೋಗಿ ಬದುವಿನಾಚೆ ನಿಂತ ಹಿಂಡಿನ ಮೂಗಿಗೆ ಇಳಿಯುತ್ತದೆ. ನಾವು ಇಪ್ಪತ್ತೆರಡು ಅಡಿಯಲ್ಲಿ ಕುಳಿತು ಇಷ್ಟು ವರ್ಷ ಜಿಂಕೆಗೆ ನಮ್ಮ ವಿಳಾಸ ಕೊಡುತ್ತಿದ್ದೆವು. ವಾಸನೆ ಸಿಕ್ಕಿದ್ದಕ್ಕೆ ಅದೇನೂ ಕಾಡಿಗೆ ಹಿಂದಿರುಗುವುದಿಲ್ಲ, ಸುತ್ತು ಹಾಕಿ ಇನ್ನೊಂದು ಮೂಲೆಯಿಂದ ಇಳಿಯುತ್ತದೆ.

ಎರಡನೆಯದು ಬೆಳಕಿನ ಕೋನ. ಅರವತ್ತು ಅಡಿ ದೂರದ ಜಿಂಕೆಗೆ ಇಪ್ಪತ್ತೆರಡು ಅಡಿಯ ಅಟ್ಟಣೆಯಿಂದ ಬ್ಯಾಟರಿ ಬಿಟ್ಟರೆ ಬೆಳಕು ಇಪ್ಪತ್ತು ಡಿಗ್ರಿಯಷ್ಟು ಮೇಲಿನಿಂದ ಬಿದ್ದು ಬೆನ್ನಿನ ಚುಕ್ಕಿಗಳನ್ನು ಬೆಳಗುತ್ತದೆ. ಹನ್ನೊಂದು ಅಡಿಯಿಂದಾದರೆ ಹತ್ತು ಡಿಗ್ರಿ. ತಲೆಯೆತ್ತಿದ ಪ್ರಾಣಿಯ ಕಣ್ಣಿಗೆ ನೇರ ಹೊಡೆಯುತ್ತದೆ. ಕಣ್ಣುಗಳು ಹಸಿರು ಹಳದಿಯಾಗಿ ಹೊಳೆದವೆಂದರೆ ಕೆಲಸ ಆಯಿತೆಂದು ತಿಳಿಯಬಹುದು. ನನ್ನ ಕ್ರಮ ಇಷ್ಟೇ: ಕೂಗುವುದಿಲ್ಲ, ಡಬ್ಬ ಬಡಿಯುವುದಿಲ್ಲ, ಬೀಡಿ ಸೇದುವುದಿಲ್ಲ. ಹಿಂಡಿನ ಮುಂದಾಳು ಹೆಣ್ಣು ಜಿಂಕೆ ಬದು ದಾಟಿ ನಾಲ್ಕು ಬಾಯಿ ಅವರೆ ತಿನ್ನುವವರೆಗೂ ಬಿಟ್ಟು, ಅದು ಹತ್ತಿರವಾದಾಗ ಬೆಳಕನ್ನೂ ಸದ್ದನ್ನೂ ಒಟ್ಟಿಗೆ ಬಿಡುತ್ತೇನೆ. ಹೀಗೆ ಬೆಚ್ಚಿದ ಹಿಂಡು ನಾಲ್ಕೈದು ರಾತ್ರಿ ಆ ಬದುವಿನ ಹತ್ತಿರ ಸುಳಿಯುವುದಿಲ್ಲ, ಕೆಲವೊಮ್ಮೆ ವಾರ ದಾಟುತ್ತದೆ. ಆ ಸದ್ದು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಊರಿನ ಹತ್ತು ಹೊಲಗಳಲ್ಲಿ ಅದೇ ಸದ್ದಾದರೆ ಜಿಂಕೆಗೆ ರೂಢಿಯಾಗುತ್ತದೆ, ಆಮೇಲೆ ನನಗೂ ಉಪಯೋಗವಿಲ್ಲ, ಬೇರೆಯವರಿಗೂ ಇಲ್ಲ. ಪಟಾಕಿಯಲ್ಲವೆಂದಷ್ಟೇ ಹೇಳುತ್ತೇನೆ.

ಇನ್ನೂ ಕೆಳಗೆ ಏಕೆ ಬೇಡವೆಂದು ಕೇಳಿದವರಿದ್ದಾರೆ. ಎಂಟು ಅಡಿಯಲ್ಲಿ ಕೂತು ನೋಡಿದ್ದೇನೆ. ರಾಗಿ ಮೂರು ಅಡಿ ಬೆಳೆದು ಅವರೆ ಅದರ ಮೇಲೆ ಹಬ್ಬಿದಾಗ, ಬಗ್ಗಿ ಮೇಯುವ ಜಿಂಕೆಯ ಬೆನ್ನು ಸಹ ಆ ಎತ್ತರದಿಂದ ಸರಿಯಾಗಿ ಕಾಣುವುದಿಲ್ಲ. ಜಿಂಕೆಯ ಹೆಗಲೇ ಮೂರು ಅಡಿಗೆ ಸ್ವಲ್ಪ ಅತ್ತಿತ್ತ.

ಆನೆಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರ ಆಕ್ಷೇಪವೂ ಅದೇ ಆಗಿತ್ತು. ನಮ್ಮ ದೊಡ್ಡಪ್ಪ ಮರದ ಕೆಳಗೆ ನಿಂತು, “ಆನ ಬಂದ್ರ ನಿನ್ ಕಾಲ್ ಹಿಡ್ದು ಎಳ್ದಾಕ್ಬುಡ್ತದ ಕನ ಮಗ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಬಲಿತ ಗಂಡಾನೆಯ ಭುಜವೇ ಒಂಬತ್ತು ಅಡಿ, ಸೊಂಡಿಲೆತ್ತಿದರೆ ಹನ್ನೊಂದು ಅಡಿ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಅದಕ್ಕಾಗಿ ಅಟ್ಟಣೆಯಿರುವ ಅದೇ ಹೊಂಗೆ ಮರದ ಇನ್ನೊಂದು ಕವಲಿನಲ್ಲಿ, ಇಪ್ಪತ್ತೆರಡು ಅಡಿಯಲ್ಲಿ, ಇಬ್ಬರು ಕೂರುವಷ್ಟು ಚಿಕ್ಕ ಹಲಗೆಯ ತಟ್ಟು ಕಟ್ಟಿ, ಕೆಳಗಿನಿಂದ ಅಲ್ಲಿಗೆ ಹಗ್ಗದ ಏಣಿ ಬಿಟ್ಟಿದ್ದೇನೆ. ಅಂಚಿನ ಊರುಗಳಿಂದ ಆನೆ ಇಳಿದಿದೆಯೆಂದು ಫೋನು ಬಂದ ರಾತ್ರಿ ಕೆಳಗೆ ಕೂರುವುದೇ ಇಲ್ಲ. ಈ ಎರಡನೆಯ ತಟ್ಟಿಲ್ಲದೆ ಹನ್ನೊಂದು ಅಡಿಯ ಅಟ್ಟಣೆಯನ್ನು ಯಾರೂ ಕಟ್ಟಬಾರದು. ಬುಡವೂ ಒಬ್ಬನ ತೆಕ್ಕೆಗೆ ಸಿಗದಷ್ಟು ದಪ್ಪವಿರಬೇಕು. ಹಲಸು, ಆಲ, ಅತ್ತಿಯ ತಂಟೆ ಬೇಡ, ಅವು ಆನೆಗೆ ಊಟದ ಮರಗಳು. ಹೊಂಗೆಯ ಸೊಪ್ಪು ಕಹಿ, ನೆರಳು ದಟ್ಟ.

ಖರ್ಚು ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಬಿದಿರು ಮತ್ತು ಹಲಗೆಗೆ ಮೂರೂವರೆ ಸಾವಿರ, ನೈಲಾನ್ ಹಗ್ಗಕ್ಕೆ ಸಾವಿರ, ಚಾರ್ಜಿಂಗ್ ಬ್ಯಾಟರಿಗೆ ಒಂದೂವರೆ ಸಾವಿರ, ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಗೆ ಎಂಟು ನೂರು, ಆಳಿನ ಕೂಲಿ ಎರಡು ಸಾವಿರ. ಒಟ್ಟು ಒಂಬತ್ತು ಸಾವಿರದ ಒಳಗೆ ಮುಗಿಯಿತು. ಪಟ್ಟಿಯ ದುಡ್ಡನ್ನು ಉಳಿಸಲು ಹೋಗಬಾರದು, ನಮ್ಮ ಕಡೆ ಆನೆಗಿಂತ ತೂಕಡಿಕೆಯೇ ಹೆಚ್ಚು ಜನರನ್ನು ಮರದಿಂದ ಬೀಳಿಸಿದೆಯೆಂದು ನನ್ನ ಅಭಿಪ್ರಾಯ. ಕಳೆದ ಬೆಳೆಯಲ್ಲಿ ಎರಡೆಕರೆಗೆ ಹದಿನೈದು ಹದಿನಾರು ಕ್ವಿಂಟಾಲ್ ರಾಗಿ ಬಂತು, ಅವರೆ ಬೇರೆ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4290 ರೂಪಾಯಿಯಂತೆ ಹಿಡಿದರೆ ಹೆಚ್ಚಿಗೆ ಸಿಕ್ಕಿದ್ದೇ ಮೂವತ್ತೈದು ನಲವತ್ತು ಸಾವಿರ. ಮಳೆಯೂ ಕೈಕೊಡಲಿಲ್ಲವೆಂಬುದನ್ನು ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕ್ಷೌರದಂಗಡಿಯ ಕೂದಲು ತಂದು ಬದುವಿಗೆ ಚೆಲ್ಲಿದ್ದು ಒಂದು ಮಳೆಗೆ ಮುಗಿಯಿತು. ಹಳೆಯ ಸೀರೆಗಳ ಬೇಲಿ ಜಿಂಕೆಯನ್ನು ಕೆಲವು ದಿನ ತಡೆಯಿತು, ಹಂದಿಯನ್ನು ಒಂದು ದಿನವೂ ತಡೆಯಲಿಲ್ಲ. ಬ್ಯಾಟರಿಯ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿದ್ದು ಮಾತ್ರ ಬಹಳ ಉಪಯೋಗಕ್ಕೆ ಬಂತು. ಕೆಂಪು ಬೆಳಕು ಜಿಂಕೆಗೆ ಅಷ್ಟಾಗಿ ಕಾಣದ ಕಾರಣ, ಅವು ಎಷ್ಟಿವೆ, ಯಾವುದು ಮುಂದಿದೆಯೆಂದು ಮೊದಲೇ ನೋಡಿಕೊಂಡು ಆಮೇಲೆ ಬಿಳಿ ಬೆಳಕು ಬಿಡಬಹುದು.

ಹನ್ನೊಂದು ಅಡಿಯ ಲೆಕ್ಕ ರಾಗಿಗೆ ಮತ್ತು ಜಿಂಕೆಗೆ ಮಾತ್ರ. ಆಳೆತ್ತರ ದಾಟಿದ ಮುಸುಕಿನ ಜೋಳದೊಳಗೆ ನುಗ್ಗಿದ ಹಂದಿ ಯಾವ ಎತ್ತರದಿಂದಲೂ ಕಾಣುವುದಿಲ್ಲ, ಸೂಲಂಗಿ, ಅಂದರೆ ಜೋಳದ ತುದಿಯ ಹೂಗೊಂಚಲು, ಅಲುಗುವುದನ್ನು ನೋಡಿ ಜಾಗ ಹಿಡಿಯಬೇಕು, ಅದಕ್ಕೆ ಎತ್ತರ ಬೇಕೇ ಬೇಕು. ಮುಂದಿನ ಮುಂಗಾರಿಗೆ ಜೋಳ ಹಾಕುವ ಯೋಚನೆಯಿರುವುದರಿಂದ, ಕೆಳಗಿನ ಹಲಗೆಗಳನ್ನು ಬಿಚ್ಚಿ ಹದಿನಾರು ಅಡಿಯ ಕವಲಿಗೆ ಏರಿಸಲು ಬಿದಿರನ್ನು ಈಗಲೇ ಕತ್ತರಿಸಿ ಕೆರೆಯ ನೀರಿನಲ್ಲಿ ಮುಳುಗಿಸಿಟ್ಟಿದ್ದೇನೆ.